ಟಿಬಿ ಮದ್ದು ಐದು ಲಕ್ಷದ ಕಾರ್ಡಲ್ಲಿ ಆಗ್ತದಾ? ಮಂಜೇಶ್ವರದಿಂದ ಬಂದ ಪ್ರಶ್ನೆ

"ಅಕ್ಕಾ, ಅಮ್ಮನಿಗೆ ಎರಡು ತಿಂಗಳಿಂದ ಕೆಮ್ಮು, ಇಲ್ಲಿ ತೋರಿಸಿ ಕಡಿಮೆ ಆಗದೆ ಮಂಗಳೂರಿಗೆ ಕರ್ಕೊಂಡು ಹೋದೆವು, ಕಫ ಟೆಸ್ಟಲ್ಲಿ ಟಿಬಿ ಅಂತ ಬಂತು. ನಮ್ಮತ್ರ ಐದು ಲಕ್ಷದ ಕಾರ್ಡ್ ಉಂಟು, ಆರು ತಿಂಗಳ ಮದ್ದು ಅದ್ರಲ್ಲಿ ಆಗ್ತದಾ? ಮತ್ತೆ ಡಾಕ್ಟ್ರು ಹೆಸರು ಸರಕಾರಕ್ಕೆ ಕಳಿಸ್ಬೇಕು ಅಂತಾರೆ, ಬೇಡ ಅಂತ ಹೇಳ್ಲಿಕ್ಕೆ ಆಗ್ತದಾ? ತಂಗಿಗೆ ಸಂಬಂಧ ನೋಡ್ತಾ ಇದ್ದೇವೆ."

ಇದೇ ಪ್ರಶ್ನೆಯನ್ನ ನಮ್ಮ ಕೇರಳದ ಕಾಸರಗೋಡು ಜಿಲ್ಲೆಯ ಉಪ್ಪಳದವರು ಕೇಳಿದ್ದಾರೆ, ಬದಿಯಡ್ಕದವರು ಕೇಳಿದ್ದಾರೆ, ಮುಳ್ಳೇರಿಯದಿಂದ ಒಬ್ರು ಫೋನಲ್ಲಿ ಅಳ್ತಾ ಕೇಳಿದ್ದಾರೆ, ಹಾಗಾಗಿ ಒಮ್ಮೆ ಸರಿಯಾಗಿ ಬರ್ದು ಹಾಕ್ತಾ ಇದ್ದೇನೆ. ಉತ್ತರ ಮೊದ್ಲೇ ಹೇಳ್ತೇನೆ. ದಿನಾ ನುಂಗುವ ಆ ಮದ್ದು ಕಾರ್ಡಲ್ಲಿ ಆಗುದಿಲ್ಲ, ಆದ್ರೆ ಅದಕ್ಕೆ ಕಾರ್ಡೇ ಬೇಡ, ದುಡ್ಡೂ ಬೇಡ, ಅದು ಫ್ರೀ. ಹೆಸರು ಕಳಿಸುದು ಬೇಡ ಅಂತ ಹೇಳ್ಲಿಕ್ಕೆ ಆಗುದಿಲ್ಲ, ದಯವಿಟ್ಟು ಹೇಳ್ಬೇಡಿ ಕೂಡ, ಯಾಕಂದ್ರೆ ಆ ಫ್ರೀ ಮದ್ದು ಸಿಗುದೇ ಆ ಹೆಸರಿನ ಮೇಲೆ.

ನಾನು ನಾಲ್ಕು ವರ್ಷ ಒಂದು ಪ್ರೈವೇಟ್ ಆಸ್ಪತ್ರೆಯ ಇನ್ಶೂರೆನ್ಸ್ ಡೆಸ್ಕಲ್ಲಿ ಕೂತಿದ್ದೆ. ಹಾಗಾಗಿ ಕಾರ್ಡ್ ಒಳಗಿನಿಂದ ಹೇಗೆ ಕೆಲಸ ಮಾಡ್ತದೆ ಅಂತ ನೋಡಿದ್ದೇನೆ. ಕೇರಳದ ಕಾರುಣ್ಯ ಆರೋಗ್ಯ ಸುರಕ್ಷಾ ಪದ್ಧತಿ ಇರ್ಲಿ, ಕೇಂದ್ರ ಸರಕಾರದ ಆಯುಷ್ಮಾನ್ ಭಾರತ್ ಇರ್ಲಿ (ಕೇರಳದಲ್ಲಿ 2019ರಿಂದ ಎರಡೂ ಒಟ್ಟಿಗೆ ಸೇರಿಯೇ ನಡೀತದೆ), ಅದು ಆಸ್ಪತ್ರೆ ಮತ್ತು ಸರಕಾರದ ಏಜೆನ್ಸಿ ಮಧ್ಯೆ ಆಗಿರುವ ಒಂದು ಕರಾರು. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ಅಂತ ಇದ್ರೂ ಆ 5 ಲಕ್ಷ ನಿಮ್ಮ ಕೈಗೆ ಬರುವ ದುಡ್ಡಲ್ಲ, ಕರಾರಲ್ಲಿ ಪ್ಯಾಕೇಜ್ ಅಂತ ಒಂದು ದೊಡ್ಡ ಪಟ್ಟಿ ಇರ್ತದೆ, ಇಂಥ ಆಪರೇಷನ್ನಿಗೆ ಇಷ್ಟು, ಜನರಲ್ ವಾರ್ಡಲ್ಲಿ ಒಂದು ದಿನ ಮಲಗಿಸಿದ್ರೆ ಇಷ್ಟು, ಐಸಿಯುಗೆ ಇಷ್ಟು ಅಂತ. ನಾವು ಡೆಸ್ಕಲ್ಲಿ ಮಾಡುದು ಎಂತ, ಪೇಷೆಂಟ್ ಅಡ್ಮಿಟ್ ಆದ ಕೂಡ್ಲೇ ಆ ಪಟ್ಟಿಲಿ ಸರಿಹೊಂದುವ ಕೋಡ್ ಹುಡುಕಿ ಪ್ರೀ ಆಥ್ ಹಾಕುದು, ಅಂದ್ರೆ ಚಿಕಿತ್ಸೆಗೆ ಮುಂಚಿತವಾಗಿ ಒಪ್ಪಿಗೆ ಕೇಳುದು, ಅಪ್ರೂವಲ್ ಬರುವವರೆಗೆ ಕಾಯುದು, ಡಿಸ್ಚಾರ್ಜ್ ದಿನ ಪೇಪರೆಲ್ಲ ಅಪ್‌ಲೋಡ್ ಮಾಡಿ ಕ್ಲೇಮ್ ಕಳಿಸುದು. ಅಡ್ಮಿಟ್ ಆಗುವ ಮೊದಲಿನ 3 ದಿನ, ಡಿಸ್ಚಾರ್ಜ್ ಆದ ಮೇಲಿನ 15 ದಿನದ ಮದ್ದು ಟೆಸ್ಟ್ ಪ್ಯಾಕೇಜ್ ಒಳಗೆ ಬರ್ತದೆ, ಅದ್ರಿಂದ ಆಚೆಗೆ ಇಲ್ಲ. ಒಪಿಡಿ, ಅಂದ್ರೆ ಅಡ್ಮಿಟ್ ಆಗದೆ ತೋರಿಸಿ ಮದ್ದು ತಗೊಂಡು ಬರುದು, ಅದಕ್ಕೆ ಇಲ್ಲ.

ಈಗ ಯೋಚನೆ ಮಾಡಿ. ಇಲಿಜ್ವರ, ಡೆಂಗಿ, ಮಲೇರಿಯಾ ಜೋರಾಯ್ತು, ಪ್ಲೇಟ್‌ಲೆಟ್ ಇಳೀತು, ಅಡ್ಮಿಟ್ ಆದ್ರು, ವಾರದಲ್ಲಿ ಮನೆಗೆ ಬಂದ್ರು, ಅಲ್ಲಿ ಕಾರ್ಡ್ ಚಂದ ಕೆಲಸ ಮಾಡ್ತದೆ. ಟಿಬಿ ಹಾಗಲ್ಲ. ಹೆಚ್ಚಿನವರು ಒಂದು ದಿನ ಕೂಡ ಆಸ್ಪತ್ರೆಲಿ ಮಲಗ್ಬೇಕಾಗಿಲ್ಲ, ಮನೆಲೇ ಇದ್ದು ಆರು ತಿಂಗಳು ದಿನಾ ತೂಕಕ್ಕೆ ತಕ್ಕ ಗುಳಿಗೆ, ಮೊದ್ಲ ಎರಡು ತಿಂಗಳು ನಾಲ್ಕು ಮದ್ದು ಸೇರಿದ್ದು, ಮತ್ತಿನ ನಾಲ್ಕು ತಿಂಗಳು ಮೂರು ಮದ್ದು ಸೇರಿದ್ದು. ಈ ರೋಗ ವಾಸಿ ಆಗ್ಲಿಕ್ಕೆ ಬೇಕಾದ್ದೆಲ್ಲ ಆಸ್ಪತ್ರೆಯ ಮಂಚದ ಹೊರಗೆ ನಡೆಯುವ ಕೆಲಸ. ಮದ್ದು ಮುಗೀಲಿಕ್ಕೆ ಮೊದ್ಲೇ ಮುಂದಿನ ತಿಂಗಳದ್ದು ಕೈಗೆ ಸಿಗ್ಬೇಕು, ಎರಡು ತಿಂಗಳಾದ ಮೇಲೆ ಪುನಃ ಕಫ ನೋಡ್ಬೇಕು, ಸಕ್ಕರೆ ಕಾಯಿಲೆ ಉಂಟಾ ಎಚ್ಐವಿ ಉಂಟಾ ಅಂತ ಟೆಸ್ಟ್ ಆಗ್ಬೇಕು (ಸಕ್ಕರೆ ಇರುವವರಿಗೆ ಟಿಬಿ ಬರುವ ಸಾಧ್ಯತೆ ಎರಡು ಮೂರು ಪಟ್ಟು ಜಾಸ್ತಿ, ನಮ್ಮ ಕಡೆ ಸಕ್ಕರೆ ಇಲ್ಲದ ಮನೆ ಯಾವ್ದು ಹೇಳಿ), ಒಟ್ಟಿಗೆ ಮಲಗುವವರನ್ನ, ಮಕ್ಕಳನ್ನ ನೋಡ್ಬೇಕು. ಇದಕ್ಕೆಲ್ಲ ನಮ್ಮ ಪ್ಯಾಕೇಜ್ ಪಟ್ಟಿಲಿ ಕೋಡ್ ಇರ್ಲಿಲ್ಲ. ಕೋಡ್ ಇಲ್ಲದ ಕೆಲಸಕ್ಕೆ ಆಸ್ಪತ್ರೆಗೆ ದುಡ್ಡಿಲ್ಲ, ದುಡ್ಡಿಲ್ಲದ ಕೆಲಸ ಯಾರ ಟೇಬಲ್ಲಿಗೂ ಬರುದಿಲ್ಲ.

ಒಂದು ಮನೆಯವರ ವಿಷಯ ನನಗೆ ಈಗ್ಲೂ ಕೊರೀತದೆ. ಹತ್ತೊಂಬತ್ತು ವರ್ಷದ ಹುಡುಗ, ಶ್ವಾಸಕೋಶದ ಸುತ್ತ ನೀರು ತುಂಬಿ ಬಂದಿದ್ದ, ನೀರು ತೆಗೆದ್ರು, ಕಫದಲ್ಲೂ ಟಿಬಿ ಅಂತ ಸಿಕ್ಕಿತು, ಕ್ಲೇಮ್ ಒಂದು ರೂಪಾಯಿ ಕಟ್ ಆಗದೆ ಪಾಸಾಯ್ತು, ನಾನೇ ಹಾಕಿದ್ದು. ಡಿಸ್ಚಾರ್ಜ್ ಸಮ್ಮರಿಲಿ ಆರು ತಿಂಗಳು ಮದ್ದು ಅಂತ ಬರ್ದಿತ್ತು, ಆದ್ರೆ ಅವನ ಹೆಸರನ್ನ ಯಾರೂ ಸರಕಾರದ ಲೆಕ್ಕಕ್ಕೆ ಹಾಕ್ಲಿಲ್ಲ, ನಾನು ಡಾಕ್ಟ್ರು ಹಾಕಿರ್ತಾರೆ ಅಂದ್ಕೊಂಡೆ, ಡಾಕ್ಟ್ರು ಲ್ಯಾಬಿನವರು ಹಾಕಿರ್ತಾರೆ ಅಂದ್ಕೊಂಡ್ರು. ಹುಡುಗನ ಮನೆಯವರು ಹೊರಗಿನ ಮದ್ದಂಗಡಿಲಿ ದುಡ್ಡು ಕೊಟ್ಟು ಎರಡು ತಿಂಗಳು ತಗೊಂಡ್ರು, ಹುಡುಗ ಹುಷಾರಾದ, ಊಟ ಸೇರ್ಲಿಕ್ಕೆ ಶುರುವಾಯ್ತು, ಬಿಟ್ರು. ಆಮೇಲೆ ಆರೇಳು ತಿಂಗಳಲ್ಲಿ ಅವನ ಅಮ್ಮ ಪುನಃ ಬಂದದ್ದು, ಈ ಸಲ ಹುಡುಗನ ಜೊತೆ ಅವನ ಪುಟ್ಟ ತಂಗಿಯನ್ನೂ ಎತ್ಕೊಂಡು. ಆ ಮಗುವಿನ ಎಕ್ಸ್‌ರೇ ಕವರ್ ಹಿಡ್ಕೊಂಡು ನನ್ನ ಡೆಸ್ಕಿನ ಎದ್ರು ನಿಂತು "ಇದಕ್ಕೂ ಕಾರ್ಡ್ ಆಗ್ತದಾ ಮೇಡಂ" ಅಂತ ಕೇಳಿದ್ರಲ್ಲ, ಆ ದಿನದಿಂದ ನಾನು ಟಿಬಿ ಅಂತ ಬರ್ದಿರುವ ಯಾವ ಫೈಲನ್ನೂ ನಿಕ್ಷಯ್ ನಂಬರ್ ಕೇಳದೆ ಮುಂದೆ ಕಳಿಸ್ಲಿಲ್ಲ.

ಆ ನಿಕ್ಷಯ್ ನಂಬರ್ ಅಂದ್ರೆ ಎಂತ ಅಂತ ಹೇಳ್ತೇನೆ. 2012ರ ಮೇ ತಿಂಗಳಿಂದ ದೇಶದಲ್ಲಿ ಟಿಬಿ ಕಂಡುಹಿಡಿದ ಯಾವ ಡಾಕ್ಟ್ರಾದ್ರೂ, ಸರಕಾರಿ ಆಗ್ಲಿ ಪ್ರೈವೇಟ್ ಆಗ್ಲಿ, ಆರೋಗ್ಯ ಇಲಾಖೆಗೆ ತಿಳಿಸ್ಲೇಬೇಕು. 2018ರ ಮಾರ್ಚಲ್ಲಿ ತಿಳಿಸದಿದ್ರೆ ಶಿಕ್ಷೆ ಅಂತಲೂ ಸೇರಿತು, ಲ್ಯಾಬ್ ಮತ್ತು ಮದ್ದಂಗಡಿಯವರೂ ತಿಳಿಸ್ಬೇಕು ಅಂತ ಆಯ್ತು. ಟಿಬಿ ಮದ್ದು ಶೆಡ್ಯೂಲ್ ಎಚ್1ರಲ್ಲಿ ಬರ್ತದೆ, ಅಂದ್ರೆ ಚೀಟಿ ಇಲ್ಲದೆ ಕೊಡ್ಲಿಕ್ಕಿಲ್ಲ, ಕೊಟ್ರೆ ಯಾರಿಗೆ ಅಂತ ರಿಜಿಸ್ಟ್ರಲ್ಲಿ ಬರ್ದು 3 ವರ್ಷ ಇಟ್ಕೊಳ್ಬೇಕು. ಇದೆಲ್ಲ ಹೋಗಿ ಸೇರುದು ನಿಕ್ಷಯ್ ಅನ್ನುವ ಪೋರ್ಟಲಿಗೆ, ಅಲ್ಲಿ ನಿಮ್ಮ ಅಮ್ಮನಿಗೆ ಒಂದು ನಂಬರ್ ಬರ್ತದೆ. ಹೆಸರು ಕಳಿಸುದು ಅಂದ್ರೆ ಪಂಚಾಯತ್ ಆಫೀಸಿನ ಬೋರ್ಡಲ್ಲಿ ಅಂಟಿಸುದಲ್ಲ, ಆ ಲೆಕ್ಕ ನೋಡುದು ಚಿಕಿತ್ಸೆಗೆ ಸಂಬಂಧಪಟ್ಟವರು.

ಆದ್ರೂ ಹೆದರಿಕೆ ನನಗೆ ಅರ್ಥ ಆಗ್ತದೆ. ನಮ್ಮದು ಸಣ್ಣ ಊರು, ಆಶಾ ವರ್ಕರ್ ಒಂದು ಮನೆಗೆ ಎರಡು ಸಲ ಹೋದ್ರೆ ಮೂರನೇ ಮನೆಯವರು ಎಂತಕ್ಕೆ ಅಂತ ಕೇಳ್ತಾರೆ, ಸಂಬಂಧದ ವಿಷಯ ಬಂದಾಗ ಅದು ಇನ್ನೂ ಕಷ್ಟ. ಅದಕ್ಕೆ ದಾರಿ ಉಂಟು, ಮನೆಗೆ ಬರುದು ಬೇಡ ನಾವೇ ಹೆಲ್ತ್ ಸೆಂಟರಿಗೆ ಬರ್ತೇವೆ ಅಂತ ಸಿಸ್ಟರ ಹತ್ರ ನೇರ ಹೇಳಿ, ಅವರು ಒಪ್ಪಿಕೊಳ್ತಾರೆ, ಇಂಥ ಮನೆ ಅವರು ಎಷ್ಟೋ ನೋಡಿರ್ತಾರೆ. ಸರಿಯಾದ ಮದ್ದು ಶುರು ಮಾಡಿ ಕೆಲವು ವಾರದಲ್ಲಿ ರೋಗ ಹರಡುದು ತುಂಬಾ ಕಡಿಮೆ ಆಗ್ತದೆ. ಹರಡುದು ಹೆಚ್ಚಾಗಿ ಮದ್ದು ಶುರು ಮಾಡುವ ಮೊದ್ಲು, ಅಂದ್ರೆ ನಾವು ಇದು ಬರೀ ಕೆಮ್ಮು ಅಂದ್ಕೊಂಡು ಒಟ್ಟಿಗೆ ಕೂತು ಟೀವಿ ನೋಡಿದ ಆ ತಿಂಗಳುಗಳಲ್ಲಿ. ಹಾಗಾಗಿ ತಂಗಿಯ ಒಳ್ಳೇದಕ್ಕೆ ಅಂತ ಮುಚ್ಚಿಡುದಾದ್ರೆ, ಮೊದ್ಲು ಟೆಸ್ಟ್ ಮಾಡಿಸ್ಬೇಕಾದ್ದು ಆ ತಂಗಿಗೇ.

ಈ ಸಮಸ್ಯೆ ನಮ್ಮದು ಮಾತ್ರ ಅಲ್ಲ. ಅಮೆರಿಕದಲ್ಲಿ ಬಡವರಿಗೆ ಇರುವ ಮೆಡಿಕೇಯ್ಡ್ ಅನ್ನುವ ಯೋಜನೆಲಿ ಹೆಚ್ಚಿನ ರಾಜ್ಯಗಳು ಪ್ರೈವೇಟ್ ಕಂಪೆನಿಗಳಿಗೆ ತಲೆಗೆ ತಿಂಗಳಿಗೆ ಇಷ್ಟು ಅಂತ ದುಡ್ಡು ಕೊಟ್ಟು ಇವರ ಆರೋಗ್ಯ ನೀವು ನೋಡ್ಕೊಳ್ಳಿ ಅಂತ ಕರಾರು ಮಾಡ್ತವೆ. ಅಲ್ಲೂ ಅದೇ ಪ್ರಶ್ನೆ ಎದ್ದಿತು, ಟಿಬಿ ಪೇಷೆಂಟಿನ ಮನೆಯವರನ್ನ ಹುಡುಕಿ ನೋಡುದು ಕಂಪೆನಿಯ ಕೆಲಸವಾ ಸರಕಾರಿ ಆರೋಗ್ಯ ಇಲಾಖೆಯ ಕೆಲಸವಾ, ಇಲಾಖೆಯ ಕ್ಲಿನಿಕ್ಕಿಗೆ ಹೋದ್ರೆ ಬಿಲ್ ಯಾರು ಕೊಡುದು ಅಂತ. ಯಾರು ಯಾರಿಗೆ ತಿಳಿಸ್ಬೇಕು, ಮದ್ದು ನುಂಗುದನ್ನ ಯಾರು ನೋಡ್ಬೇಕು ಅಂತ ಕರಾರಲ್ಲೇ ಬರೆಯದಿದ್ರೆ ಪೇಷೆಂಟ್ ಇಬ್ಬರ ಮಧ್ಯೆ ಬಿದ್ದು ಹೋಗ್ತಾನೆ. ನಮ್ಮ ಹುಡುಗ ಬಿದ್ದದ್ದು ಹಾಗೆಯೇ.

ನಮ್ಮಲ್ಲಿ ಇದಕ್ಕೆ ಆಗಿರುವ ಒಳ್ಳೆ ಕೆಲಸವನ್ನೂ ಹೇಳ್ಬೇಕು. ಕೇರಳದಲ್ಲಿ ಸ್ಟೆಪ್ಸ್ ಸೆಂಟರ್ ಅಂತ ಪ್ರೈವೇಟ್ ಆಸ್ಪತ್ರೆಗಳ ಒಳಗೇ ಮಾಡಿದ್ದಾರೆ, ಆ ಆಸ್ಪತ್ರೆಲಿ ಯಾವ ಡಾಕ್ಟ್ರ ಹತ್ರ ಟಿಬಿ ಸಿಕ್ಕಿದ್ರೂ ಹೆಸರು ಒಂದೇ ಕಡೆ ಬರ್ತದೆ, ಅಲ್ಲಿಂದ್ಲೇ ನೋಂದಣಿ, ಮನೆಯವರ ತಪಾಸಣೆ, ಮದ್ದು ಬಿಟ್ರಾ ಅಂತ ಫೋನ್ ಮಾಡಿ ಕೇಳುದು, ಕೊನೆಗೆ ಗುಣ ಆಯ್ತಾ ಅಂತ ಬರೆಯುದು. ಡಾಕ್ಟ್ರನ್ನ ಬದಲಾಯಿಸ್ಬೇಕಾಗಿಲ್ಲ, ಪ್ರೈವೇಟ್ ಡಾಕ್ಟ್ರಿಗೇ ತೋರಿಸ್ತಾ ಸರಕಾರದ ಫ್ರೀ ಮದ್ದು ತಗೊಳ್ಬಹುದು, ಇದು ತುಂಬಾ ಜನರಿಗೆ ಗೊತ್ತೇ ಇಲ್ಲ. ತಿಳಿಸಿದ ಪ್ರೈವೇಟ್ ಡಾಕ್ಟ್ರಿಗೂ ಸರಕಾರ 500 ರೂಪಾಯಿ ಕೊಡ್ತದೆ, ಚಿಕಿತ್ಸೆ ಮುಗಿಸಿ ಎಂತಾಯ್ತು ಅಂತ ಬರೆದ್ರೆ ಇನ್ನೊಂದು 500. ಆ ದುಡ್ಡು ದೊಡ್ಡದಲ್ಲ, ಆದ್ರೆ ಮಂಚ ತುಂಬಿಸಿದ್ದಕ್ಕೆ ಅಲ್ಲದೆ ಗುಣ ಆಗುವವರೆಗೆ ಹಿಂದೆ ಬಿದ್ದದ್ದಕ್ಕೆ ಕೊಡುವ ದುಡ್ಡು ಅದು, ಕರಾರು ಅಂದ್ರೆ ಹಾಗಿರ್ಬೇಕು ಅಂತ ನನ್ನ ಅಭಿಪ್ರಾಯ.

ಪೇಷೆಂಟಿಗೂ ಉಂಟು. ನಿಕ್ಷಯ್ ಪೋಷಣ್ ಅಂತ 2018ರಲ್ಲಿ ತಿಂಗಳಿಗೆ 500 ಇತ್ತು, 2024ರ ನವೆಂಬರಿಂದ 1000 ಮಾಡಿದ್ದಾರೆ, ಆರು ತಿಂಗಳಿಗೆ 6000, ಎರಡು ಕಂತಲ್ಲಿ ಬ್ಯಾಂಕಿಗೆ ಬರ್ತದೆ. ಮೊಟ್ಟೆ, ಮೀನು, ಬೇಳೆ, ನೆಲಕಡಲೆಗೆ ಅಂತ. ಪ್ರೈವೇಟಲ್ಲಿ ಚಿಕಿತ್ಸೆ ಮಾಡುವವರಿಗೂ ಬರ್ತದೆ, ನಂಬರ್ ಇರ್ಬೇಕು ಅಷ್ಟೇ. ಇಎಸ್ಐ (ಕಾರ್ಮಿಕರಿಗೆ ಇರುವ ಸರಕಾರಿ ವಿಮೆ) ಇರುವ ಕೆಲಸದವರಾದ್ರೆ ಟಿಬಿಗೆ ದೀರ್ಘ ರಜೆಲಿ ಕೂಲಿಯ ಶೇಕಡಾ 80ರಷ್ಟು ಕೊಡುವ ನಿಯಮ ಉಂಟು, ಗೇರುಬೀಜದ ಫ್ಯಾಕ್ಟರಿಲಿ ಕೆಲಸ ಮಾಡುವವರು ಇದನ್ನ ಕೇಳಿ ತಿಳ್ಕೊಳ್ಳಿ.

ಹಾಗಾದ್ರೆ ಕಾರ್ಡ್ ಯಾವಾಗ ಬೇಕು ಅಂದ್ರೆ, ಅಮ್ಮನಿಗೆ ಕೆಮ್ಮುವಾಗ ರಕ್ತ ಬಂತು, ಶ್ವಾಸಕೋಶದ ಸುತ್ತ ನೀರು ತುಂಬ್ತು, ಮದ್ದಿನಿಂದ ಲಿವರಿಗೆ ತೊಂದ್ರೆ ಆಗಿ ಕಣ್ಣು ಹಳದಿಯಾಯ್ತು, ಅಂಥ ಹೊತ್ತಲ್ಲಿ ಅಡ್ಮಿಟ್ ಆದ್ರೆ ಆಗ ಕಾರ್ಡ್. ಆದ್ರೆ ಕೇರಳದ ಕಾರ್ಡ್ ಹಿಡ್ಕೊಂಡು ತಲಪಾಡಿ ಗಡಿ ದಾಟಿ ಕರ್ನಾಟಕಕ್ಕೆ ಹೋದ್ರೆ ಎಲ್ಲಾ ಆಸ್ಪತ್ರೆಲೂ ನಡೀತದೆ ಅಂತ ನಂಬ್ಬೇಡಿ, ಆಸ್ಪತ್ರೆ ಕರಾರಲ್ಲಿ ಇರ್ಬೇಕು, ನಿಮ್ಮ ಕಾರ್ಡ್ ಆಚೆ ರಾಜ್ಯಕ್ಕೆ ಆಗುವಂಥದ್ದಾ ಅಂತ ಅಡ್ಮಿಟ್ ಆಗುವ ಮೊದ್ಲೇ ಅಲ್ಲಿನ ಕಾರ್ಡಿನ ಕೌಂಟರಲ್ಲಿ ಕೇಳ್ಬೇಕು, ಇಲ್ಲಾಂದ್ರೆ 14555ಕ್ಕೆ ಫೋನ್ ಮಾಡಿ ಕೇಳಿ. ಸ್ವಂತ ಪಾಲಿಸಿ ಇದ್ರೂ ಕತೆ ಹೆಚ್ಚುಕಡಿಮೆ ಇದೇ, ಒಪಿಡಿ ಮದ್ದು ಸಾಮಾನ್ಯವಾಗಿ ಬರುದಿಲ್ಲ, ಹೊಸ ಪಾಲಿಸಿ ಆದ್ರೆ ಮೊದ್ಲ 30 ದಿನದಲ್ಲಿ ಬಂದ ಕಾಯಿಲೆಗೆ ಕೊಡುದೂ ಇಲ್ಲ.

ಮತ್ತೊಂದು ವಿಷಯ, ಇದು ಗಡಿಯವರಿಗೆ ಮಾತ್ರ ಅರ್ಥ ಆಗ್ತದೆ. 2020ರ ಮಾರ್ಚಲ್ಲಿ ಕೊರೋನಾಕ್ಕೆ ಅಂತ ತಲಪಾಡಿ ಗಡಿ ಮುಚ್ಚಿದಾಗ ಆಂಬುಲೆನ್ಸ್ ಕೂಡ ದಾಟ್ಲಿಕ್ಕೆ ಆಗದೆ ನಮ್ಮವರು ಎಷ್ಟು ಕಷ್ಟಪಟ್ರು, ಕೋರ್ಟಿನವರೆಗೆ ಹೋಗ್ಬೇಕಾಯ್ತು. ಆಸ್ಪತ್ರೆ ಅಂದ್ರೆ ನಮಗೆ ಮಂಗಳೂರು, ದೇರಳಕಟ್ಟೆ, ಅದು ಬದಲಾಗುದು ಕಷ್ಟ. ಆದ್ರೆ ಆರು ತಿಂಗಳು ದಿನಾ ಬೇಕಾದ ಮದ್ದು ಗಡಿಯ ಆಚೆ ಇರ್ಬಾರ್ದು. ಡಾಕ್ಟ್ರು ಮಂಗಳೂರಲ್ಲೇ ಇರ್ಲಿ, ಮದ್ದು ಮನೆ ಹತ್ರದ ಫ್ಯಾಮಿಲಿ ಹೆಲ್ತ್ ಸೆಂಟರಿಂದ ಬರ್ಲಿ. ನಿಕ್ಷಯ್‌ಲಿ ಒಂದು ರಾಜ್ಯದಿಂದ ಇನ್ನೊಂದಕ್ಕೆ ಕೇಸ್ ಟ್ರಾನ್ಸ್‌ಫರ್ ಮಾಡ್ಲಿಕ್ಕೆ ಆಗ್ತದೆ, ಆಸ್ಪತ್ರೆಯವರಿಗೆ "ನಮ್ಮನ್ನ ಕಾಸರಗೋಡಿಗೆ ಟ್ರಾನ್ಸ್‌ಫರ್ ಮಾಡಿ" ಅಂತ ಬಾಯಿಬಿಟ್ಟು ಹೇಳ್ಬೇಕು. ಸುಮ್ಮನೆ ಬಂದ್ರೆ ಅಲ್ಲಿಯ ಲೆಕ್ಕದಲ್ಲಿ ಅಮ್ಮ ಮದ್ದು ಬಿಟ್ಟವರು, ಇಲ್ಲಿಯ ಲೆಕ್ಕದಲ್ಲಿ ಇಲ್ಲವೇ ಇಲ್ಲ.

ನೀವೀಗ ಮಾಡ್ಬೇಕಾದ್ದು ಇಷ್ಟು. ನಾಳೆ ಆಸ್ಪತ್ರೆಗೆ ಹೋಗಿ ನಿಕ್ಷಯ್ ನಂಬರ್ ಕೇಳಿ ಕಫದ ರಿಪೋರ್ಟಿನ ಮೇಲೆಯೇ ಬರೆಸ್ಕೊಳ್ಳಿ, ಕೊಡ್ಲಿಕ್ಕೆ ಸತಾಯಿಸಿದ್ರೆ 1800-11-6666 ಟಿಬಿಯವರದ್ದೇ ಫ್ರೀ ಸಹಾಯವಾಣಿ. ಮರುದಿನ ಆ ರಿಪೋರ್ಟು, ಆಧಾರ್, ಅಮ್ಮನ ಪಾಸ್‌ಬುಕ್ ಹಿಡ್ಕೊಂಡು ನಿಮ್ಮ ಪಂಚಾಯತಿನ ಹೆಲ್ತ್ ಸೆಂಟರಿಗೆ ಹೋಗಿ. ಅಲ್ಲಿ ಫಾರ್ಮೆಲ್ಲ ಮಲಯಾಳದಲ್ಲಿ ಇದ್ರೆ ಓದಿ ಹೇಳಿ ಅಂತ ಕೇಳ್ಲಿಕ್ಕೆ ನಾಚಿಕೆ ಬೇಡ, ಗೊತ್ತಾಗದೆ ಸೈನ್ ಹಾಕ್ಬೇಡಿ, ಕನ್ನಡ ಬರುವ ಸಿಸ್ಟರ್ ಇದ್ರೆ ಕರೀಲಿಕ್ಕೆ ಹೇಳಿ. ಮದ್ದು ಶುರುವಾದ ಮೇಲೆ ಮೂತ್ರ ಕಿತ್ತಳೆ ಬಣ್ಣಕ್ಕೆ ಬರ್ತದೆ, ಅಮ್ಮನಿಗೆ ಮೊದ್ಲೇ ಹೇಳಿ, ರಕ್ತ ಅಂತ ಹೆದರಿ ಮದ್ದು ನಿಲ್ಲಿಸಿದವರು ಇದ್ದಾರೆ. ಮತ್ತೆ ಒಬ್ರೇ ಹೋಗ್ಬೇಡಿ, ತಂಗಿಯನ್ನ ಕರ್ಕೊಂಡು ಹೋಗಿ, ಮನೆಲಿ ಸಣ್ಣ ಮಕ್ಕಳು ಇದ್ರೆ ಅವರನ್ನೂ. ರೋಗ ಇಲ್ಲ ಅಂತ ಬಂದ್ರೂ ಬಾರದ ಹಾಗೆ ಕೊಡುವ ಮದ್ದು ಉಂಟು, ದಿನಾ ಆರು ತಿಂಗಳು ತಗೊಳ್ಳುವಂಥದ್ದು ಅಥವಾ ವಾರಕ್ಕೊಮ್ಮೆಯಂತೆ ಹನ್ನೆರಡು ವಾರ ತಗೊಳ್ಳುವಂಥದ್ದು, ಅದೂ ಅಲ್ಲೇ ಫ್ರೀ ಸಿಗ್ತದೆ, ಅವರು ಹೇಳದಿದ್ರೆ ನೀವೇ ಕೇಳಿ.