ಓದುಗರ ಪ್ರಶ್ನೆ: ಆರು ಲಕ್ಷಕ್ಕೆ ಹಳೆಯ ಪ್ರೀಮಿಯಂ ಡೀಸೆಲ್ ಕಾರು ಕೊಳ್ಳಬಹುದೇ?

ಪ್ರಶ್ನೆ: ನನ್ನ ಕೈಯಲ್ಲಿರುವುದು 6 ಲಕ್ಷ ರೂಪಾಯಿ. ಹೊಸ ಸಣ್ಣ ಕಾರಿನ ಬದಲು ಹನ್ನೊಂದು ವರ್ಷ ಹಳೆಯ ಸ್ಕೋಡಾ ಆಕ್ಟೇವಿಯಾ, ಫೋಕ್ಸ್‌ವ್ಯಾಗನ್ ಜೆಟ್ಟಾದಂಥ ದೊಡ್ಡ ಡೀಸೆಲ್ ಕಾರು ಕೊಂಡರೆ ಹೇಗೆ? ಒಂದು ಕಾರು ನೋಡಿದ್ದೇನೆ. ಕೇವಲ 41,000 ಕಿಲೋಮೀಟರ್ ಓಡಿದೆ. ನಿಜಕ್ಕೂ 41,000 ಮಾತ್ರ.

ಉತ್ತರ: ಈ ಪ್ರಶ್ನೆಯನ್ನು ನಮ್ಮ ಕಾಸರಗೋಡು ಜಿಲ್ಲೆಯ ಕುಂಬಳೆಯವರು ಕೇಳಿದ್ದಾರೆ, ಮುಳ್ಳೇರಿಯದವರು ಕೇಳಿದ್ದಾರೆ, ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕದ ಎಲೆಯವರೂ ಕೇಳಿದ್ದಾರೆ. ಊರು ಬದಲಾಗುತ್ತದೆ, ಕಾರಿನ ಬಣ್ಣ ಬದಲಾಗುತ್ತದೆ, ಕೊನೆಯಲ್ಲಿ ಬರುವ ಆ ಕಿಲೋಮೀಟರಿನ ಮಾತು ಮಾತ್ರ ಬದಲಾಗುವುದಿಲ್ಲ. ಆದ್ದರಿಂದ ಈ ಬಾರಿ ಉತ್ತರವನ್ನು ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ. ಮುಂದೆ ಕೇಳುವವರಿಗೆ ಇದನ್ನೇ ತೋರಿಸಿದರಾಯಿತು.

ಕೊಳ್ಳಬಹುದು. ಆದರೆ ಕೈಯಲ್ಲಿ 6 ಲಕ್ಷವಿದ್ದರೆ ನೋಡಬೇಕಾದದ್ದು ನಾಲ್ಕೂವರೆ ಲಕ್ಷದ ಕಾರನ್ನು. ಹೊಸತಿದ್ದಾಗ ಇಪ್ಪತ್ತು ಲಕ್ಷದ ಆಸುಪಾಸಿನಲ್ಲಿದ್ದ ಕಾರು ಇಂದು ನಿಮಗೆ ಕಾಲು ಬೆಲೆಗೆ ಸಿಗುತ್ತದೆಯಾದರೂ ಅದರ ಟರ್ಬೊ, ಇಂಜೆಕ್ಟರು, ಸಸ್ಪೆನ್ಶನ್ನಿನ ತೋಳುಗಳು ಕಾಲು ಬೆಲೆಗೆ ಸಿಗುವುದಿಲ್ಲ. ಅವುಗಳ ಬೆಲೆ ಇಪ್ಪತ್ತು ಲಕ್ಷದ ಕಾರಿನದೇ. ಉಳಿಸಿಕೊಂಡ ಒಂದೂವರೆ ಲಕ್ಷ ಮೊದಲ ವರ್ಷದಲ್ಲಿ ಪೂರ್ತಿ ಖರ್ಚಾಗದಿದ್ದರೆ ಸಂತೋಷ. ಖರ್ಚಾದರೆ ಆಶ್ಚರ್ಯಪಡುವಂಥದ್ದೇನೂ ಇಲ್ಲ.

ಹತ್ತು ವರ್ಷ ದಾಟಿದ ಡೀಸೆಲ್ ಕಾರನ್ನು ಸರಕಾರ ಎಳೆದುಕೊಂಡು ಹೋಗುತ್ತದೆ ಎಂಬ ಭಯವನ್ನು ಇಲ್ಲಿಯೇ ಬಿಡಿ. 2015ರಲ್ಲಿ ಹಸಿರು ನ್ಯಾಯಮಂಡಳಿ ಆದೇಶಿಸಿ 2018ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿದ ನಿರ್ಬಂಧ ದೆಹಲಿ ಮತ್ತು ಅದರ ಸುತ್ತಲಿನ ಪ್ರದೇಶಕ್ಕೆ ಸಂಬಂಧಿಸಿದ್ದು. ಕೇರಳದ ಆರು ನಗರಗಳಿಗೆ ಅಂಥದೇ ಆದೇಶ 2016ರ ಮೇ ತಿಂಗಳಲ್ಲಿ ಬಂದಿತ್ತು. ಮರು ತಿಂಗಳೇ ಹೈಕೋರ್ಟು ಅದನ್ನು ತಡೆಯಿತು, ಮೇಲಾಗಿ ಆ ಆರರಲ್ಲಿ ಕಣ್ಣೂರು ಇತ್ತೇ ಹೊರತು ಕಾಸರಗೋಡು ಇರಲಿಲ್ಲ. ನಮ್ಮಲ್ಲಿ ಖಾಸಗಿ ಕಾರಿನ ಮೊದಲ ನೋಂದಣಿ 15 ವರ್ಷಕ್ಕೆ, ಆಮೇಲೆ ತಪಾಸಣೆಯಲ್ಲಿ ಪಾಸಾದರೆ ಐದೈದು ವರ್ಷಕ್ಕೆ ನವೀಕರಣ.

ಇನ್ನು ನಿಮ್ಮ 41,000 ಕಿಲೋಮೀಟರಿಗೆ ಬರುತ್ತೇನೆ. ಕಡಿಮೆ ಓಡಿದ ಗಾಡಿ ಒಳ್ಳೆಯ ಗಾಡಿ ಎಂಬ ನಂಬಿಕೆ ನಮ್ಮ ಜಿಲ್ಲೆಯಲ್ಲಿ ದೈವದ ಮೇಲಿನ ನಂಬಿಕೆಗಿಂತ ಒಂದು ಕೂದಲೆಳೆಯಷ್ಟೇ ಕೆಳಗಿದೆ. ಅದಕ್ಕೆ ಕಾರಣವೂ ಇದೆ. ಇಲ್ಲಿ ಪ್ರತಿ ಮೂರನೆಯ ಅಂಗಳದಲ್ಲಿ ಗಲ್ಫಿನಲ್ಲಿರುವ ಮಗನ ಕಾರೊಂದು ಹೊದಿಕೆ ಹೊದ್ದು ನಿಂತಿರುತ್ತದೆ. ಆತ ರಜೆಗೆ ಬಂದಾಗ ಒಂದು ತಿಂಗಳು ಓಡುತ್ತದೆ, ಹನ್ನೊಂದು ತಿಂಗಳು ನಿಲ್ಲುತ್ತದೆ. ಮಾರುವಾಗ ಅದರ ಬಗ್ಗೆ ಹೇಳುವ ಮಾತು ಸುಳ್ಳೂ ಅಲ್ಲ: ಕಾರು ಓಡಿಯೇ ಇಲ್ಲ. ಓಡದಿದ್ದದ್ದೇ ಅದರ ಕಾಯಿಲೆ ಎಂಬುದನ್ನು ಯಾರೂ ಹೇಳುವುದಿಲ್ಲ.

ಕಳೆದ ಆಟಿ ತಿಂಗಳ ಮಳೆಯಲ್ಲಿ ಸಂಬಂಧಿಕರ ಹುಡುಗನೊಬ್ಬನಿಗಾಗಿ ಬದಿಯಡ್ಕದ ಬಳಿ ಇಂಥದೊಂದು ಯುರೋಪಿಯನ್ ಸೆಡಾನನ್ನು ನೋಡಲು ಹೋಗಿದ್ದೆ. ಮೀಟರಿನಲ್ಲಿ 38,000 ಚಿಲ್ಲರೆ. ಬಣ್ಣ ಕನ್ನಡಿಯಂತಿತ್ತು, ಸೀಟಿನ ಪ್ಲಾಸ್ಟಿಕ್ ಕೂಡ ತೆಗೆದಿರಲಿಲ್ಲ. ಮನೆಯ ಹಿರಿಯರು ಬಹಳ ಪ್ರೀತಿಯಿಂದ, ಪ್ರತಿ ಶುಕ್ರವಾರ ಹತ್ತು ನಿಮಿಷ ಸ್ಟಾರ್ಟ್ ಮಾಡಿ ಇಡುತ್ತಿದ್ದೆವು ಎಂದರು. ನಾನು ಬಗ್ಗಿ ಟಯರಿನ ಪಕ್ಕದಲ್ಲಿರುವ ನಾಲ್ಕು ಅಂಕಿಗಳನ್ನು ಓದಿದೆ: 1813, ಅಂದರೆ 2013ರ ಹದಿನೆಂಟನೆಯ ವಾರ. ಟಯರಿನ ಗುಂಡಿಗಳು ಸವೆದಿರಲಿಲ್ಲ, ಆದರೆ ನಡುವಿನ ರಬ್ಬರಿನಲ್ಲಿ ಬೇಸಗೆಯ ಗದ್ದೆಯಂತೆ ಬಿರುಕು ಬಿಟ್ಟಿತ್ತು. ಜೊತೆಗಿದ್ದ ಮೆಕ್ಯಾನಿಕ್ ಟೈಮಿಂಗ್ ಬೆಲ್ಟಿನ ಮೇಲಿನ ಮುಚ್ಚಳವನ್ನು ಬಿಚ್ಚಿ ಬೆಲ್ಟನ್ನು ಬೆರಳಿನಿಂದ ಸ್ವಲ್ಪ ಮಡಚಿದ. ಅಲ್ಲಿಯೂ ಅದೇ ಬಿರುಕು. ಅವನು ಏನೂ ಹೇಳದೆ ಮುಚ್ಚಳ ಹಾಕಿ ಕೈ ಒರೆಸಿಕೊಂಡ.

ಆ ಬೆಲ್ಟಿನ ವಿಷಯವೇ ಸಾಕು. ಈ ಎಂಜಿನ್‌ಗಳಲ್ಲಿ ಪಿಸ್ಟನ್ ಮತ್ತು ವಾಲ್ವುಗಳು ಒಂದೇ ಜಾಗವನ್ನು ಸರದಿಯಂತೆ ಬಳಸುತ್ತವೆ. ಆ ಸರದಿಯನ್ನು ಕಾಯುವುದು ರಬ್ಬರಿನ ಬೆಲ್ಟು. ಬೆಲ್ಟು ತುಂಡಾದರೆ ಪಿಸ್ಟನ್ನು ವಾಲ್ವಿಗೆ ಗುದ್ದುತ್ತದೆ, ಆಮೇಲೆ ಸಣ್ಣ ರಿಪೇರಿಯ ಮಾತಿಲ್ಲ, ಎಂಜಿನ್ನಿನ ತಲೆಯನ್ನೇ, ಅಂದರೆ ಹೆಡ್ಡನ್ನೇ, ಬಿಚ್ಚುವ ಮಾತು. ರಬ್ಬರಿಗೆ ಕಿಲೋಮೀಟರ್ ಮಾತ್ರವಲ್ಲ, ವಯಸ್ಸೂ ಇದೆ. 38,000 ಓಡಿದ ಕಾರಿನವರು ಇನ್ನೂ ಎಷ್ಟೋ ಓಡಲಿಕ್ಕಿದೆ ಎಂದು ಬೆಲ್ಟು ಬದಲಿಸಿರುವುದಿಲ್ಲ. 1,30,000 ಓಡಿದವರು ಬದಲಿಸಿ ಬಿಲ್ಲು ಇಟ್ಟುಕೊಂಡಿರುತ್ತಾರೆ. ಇವೆರಡರಲ್ಲಿ ಯಾವುದು ಹೊಸ ಕಾರು?

ಶುಕ್ರವಾರದ ಹತ್ತು ನಿಮಿಷಗಳ ಕಥೆ ಇನ್ನೂ ಕೆಟ್ಟದು. ಡೀಸೆಲ್ ಎಂಜಿನ್ ನಿಂತಲ್ಲೇ ಉರಿದರೆ ಬೇಗ ಬಿಸಿಯೇರುವುದಿಲ್ಲ. ಬಿಸಿಯೇರದ ಎಂಜಿನ್ ಮಸಿ ಕಾರುತ್ತದೆ, ಆ ಮಸಿ ಹೊಗೆಯ ಒಂದು ಪಾಲನ್ನು ಎಂಜಿನ್ನಿಗೆ ಮರಳಿಸುವ ಇಜಿಆರ್ ವಾಲ್ವಿನಲ್ಲಿ, ಗಾಳಿ ಒಳಬರುವ ಕೊಳವೆಗಳಲ್ಲಿ, ಟರ್ಬೊದೊಳಗಿನ ತಿರುಗುವ ರೆಕ್ಕೆಗಳಲ್ಲಿ ಮೆತ್ತಿಕೊಳ್ಳುತ್ತದೆ. ಇದರ ಜೊತೆಗೆ ಅರ್ಧ ಖಾಲಿಯಿರುವ ಟ್ಯಾಂಕಿನಲ್ಲಿ ನಮ್ಮ ಕರಾವಳಿಯ ತೇವ ಹನಿಗಟ್ಟಿ ಡೀಸೆಲಿನ ಅಡಿಗೆ ನೀರಾಗಿ ಇಳಿಯುತ್ತದೆ. ಕಾಮನ್ ರೇಲ್ ಇಂಜೆಕ್ಟರುಗಳು 1,600ರಿಂದ 2,000 ಬಾರ್‌ವರೆಗಿನ ಒತ್ತಡದಲ್ಲಿ ಕೆಲಸ ಮಾಡುವಂಥವು. ಅವುಗಳಿಗೆ ನೀರು ಎಂದರೆ ಕಣ್ಣಿಗೆ ಬಿದ್ದ ಖಾರದ ಪುಡಿ. ಎಸಿ ಕಂಪ್ರೆಸರಿನ ಸೀಲುಗಳಿಗೆ ಎಣ್ಣೆ ತಲುಪುವುದು ಅದು ತಿರುಗಿದಾಗ ಮಾತ್ರ, ನಿಂತರೆ ಒಣಗುತ್ತವೆ. ಬ್ರೇಕಿನ ಡಿಸ್ಕಿಗೆ ತುಕ್ಕು ಹಿಡಿಯುತ್ತದೆ. ಅಡಿಕೆ ಚೀಲಗಳ ಪಕ್ಕ ನಿಲ್ಲಿಸಿದ ಕಾರಿನ ವಯರುಗಳನ್ನು ಇಲಿ ಏನು ಮಾಡುತ್ತದೆ ಎಂಬುದನ್ನು ಈ ಊರಿನವರಿಗೆ ನಾನು ಹೇಳಬೇಕಾಗಿಲ್ಲ.

ಹಾಗೆಯೇ, 2018ರ ಆಗಸ್ಟಿನ ಪ್ರವಾಹದಲ್ಲಿ ಮುಳುಗಿದ ಕಾರುಗಳೂ ಆಮೇಲೆ ಹೆಚ್ಚು ಓಡಿರಲಿಲ್ಲ. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು ನೋಡಿದರೆ ಕೆಸರಿನ ಗೆರೆ ಕೆಲವೊಮ್ಮೆ ಇಂದಿಗೂ ಕಾಣುತ್ತದೆ.

ಇದೆಲ್ಲ ಮೀಟರು ನಿಜ ಹೇಳುತ್ತಿದೆ ಎಂದುಕೊಂಡರೆ. ಅದನ್ನು ಹಿಂದಕ್ಕೆ ತಿರುಗಿಸಲು ಲ್ಯಾಪ್‌ಟಾಪು ಹಿಡಿದ ಒಬ್ಬ ಮನುಷ್ಯ ಮತ್ತು ಒಂದು ಚಹಾ ಕುಡಿಯುವಷ್ಟು ಹೊತ್ತು ಸಾಕು. ಆದರೆ ಎಲ್ಲ ಕಡೆಯೂ ತಿರುಗಿಸಲು ಅವನಿಗೆ ತಾಳ್ಮೆ ಇರುವುದಿಲ್ಲ. ಕಂಪನಿಯ ಸರ್ವೀಸ್ ದಾಖಲೆಯಲ್ಲಿ ಚಾಸಿಸ್ ನಂಬರಿನೊಂದಿಗೆ ಪ್ರತಿ ಭೇಟಿಯ ಕಿಲೋಮೀಟರ್ ಇರುತ್ತದೆ. ಒಳ್ಳೆಯ ಸ್ಕ್ಯಾನರಿನಲ್ಲಿ ನೋಡಿದರೆ ಮೀಟರಿನಲ್ಲಿಲ್ಲದ ಕಿಲೋಮೀಟರ್ ಗೇರ್‌ಬಾಕ್ಸಿನದೋ ಎಂಜಿನ್ನಿನದೋ ಕಂಪ್ಯೂಟರಿನಲ್ಲಿ ಸಿಕ್ಕಿಬೀಳುವುದುಂಟು. ಸ್ಕ್ಯಾನರ್ ಇಲ್ಲದವರು ಬ್ರೇಕ್ ಪೆಡಲಿನ ರಬ್ಬರನ್ನೂ ಸ್ಟೇರಿಂಗಿನ ತೊಗಲನ್ನೂ ನೋಡಬಹುದು. 40,000ಕ್ಕೆ ಪೆಡಲಿನ ಗೆರೆಗಳು ಮಾಯವಾಗುವುದಿಲ್ಲ.

ಹಾಗಾದರೆ ನಾನು ಹುಡುಕುವುದು ಎಂಥ ಕಾರು? ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು 50 ಕಿಲೋಮೀಟರ್. ದಿನಾ ಹೋಗಿ ಬಂದವನ ಕಾರು ವರ್ಷಕ್ಕೆ 30,000 ಓಡುತ್ತದೆ. ಎಂಜಿನ್ ಪೂರ್ತಿ ಬಿಸಿಯಾಗಿ, ಹೆದ್ದಾರಿಯಲ್ಲಿ ಒಂದೇ ಹದದಲ್ಲಿ ಓಡಿದ ಕಾರದು. ಹೊತ್ತಿಗೆ ಸರಿಯಾಗಿ ಎಣ್ಣೆ ಬದಲಿಸದಿದ್ದರೆ ಅವನ ಕೆಲಸವೇ ನಿಲ್ಲುತ್ತಿತ್ತು, ಆದ್ದರಿಂದ ಬದಲಿಸಿರುತ್ತಾನೆ. ಕೆಲವು ವರ್ಷ ಹಾಗೆ ಓಡಿದ 1,40,000 ಕಿಲೋಮೀಟರಿನ ಕಾರು, ದಪ್ಪ ಬಿಲ್ಲಿನ ಫೈಲಿನೊಂದಿಗೆ, ನನಗೆ ಶುಕ್ರವಾರದ ಕಾರಿಗಿಂತ ಎಷ್ಟೋ ಮೇಲು. ಮಾರುಕಟ್ಟೆಗೆ ಮಾತ್ರ ಇದು ತಿಳಿದಿಲ್ಲ, ಅದಕ್ಕೇ ಅದು ಅಗ್ಗಕ್ಕೂ ಸಿಗುತ್ತದೆ.

ಮಾದರಿಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಸ್ಕೋಡಾ, ಫೋಕ್ಸ್‌ವ್ಯಾಗನ್‌ಗಳ ಎರಡು ಲೀಟರ್ ಡೀಸೆಲ್ ಗಟ್ಟಿ ಎಂಜಿನ್. ಆಟೊಮ್ಯಾಟಿಕ್ ಆದರೆ ಅದರ ಜೊತೆ ಬರುವ ಆರು ಗೇರಿನ, ಎಣ್ಣೆಯಲ್ಲಿ ಮುಳುಗಿದ ಕ್ಲಚ್ಚಿನ ಡಿಎಸ್‌ಜಿ ಗೇರ್‌ಪೆಟ್ಟಿಗೆಗೆ ಪ್ರತಿ 60,000 ಕಿಲೋಮೀಟರಿಗೆ ಎಣ್ಣೆ ಬದಲಿಸಿದ ಬಿಲ್ಲು ಕೇಳಿ, ಬಿಲ್ಲಿಲ್ಲದಿದ್ದರೆ ನಮಸ್ಕಾರ ಹೇಳಿ ಬನ್ನಿ. ಏಳು ಗೇರಿನ ಒಣ ಕ್ಲಚ್ಚಿನ ಪೆಟ್ಟಿಗೆಯ ಹತ್ತಿರ ಬಿಗಿ ಬಜೆಟ್ಟಿನವರು ಸುಳಿಯುವುದೇ ಬೇಡ. ಹೊಗೆ ತಪಾಸಣೆಯನ್ನು ಸಾಫ್ಟ್‌ವೇರಿನಿಂದ ವಂಚಿಸಿದ 2015ರ ಹಗರಣದ ಬಳಿಕ ಈ ಕಂಪನಿಗಳ ಗುಂಪು ಭಾರತದಲ್ಲಿ 3,23,700 ಡೀಸೆಲ್ ಕಾರುಗಳನ್ನು ಸಾಫ್ಟ್‌ವೇರ್ ತಿದ್ದುಪಡಿಗೆಂದು ಮರಳಿ ಕರೆಯುವುದಾಗಿ ಪ್ರಕಟಿಸಿತ್ತು; ನೀವು ನೋಡುವ ಕಾರಿಗೆ ಅದು ಆಗಿದೆಯೇ ಎಂಬುದು ಸರ್ವೀಸ್ ದಾಖಲೆಯಲ್ಲಿ ಸಿಗುತ್ತದೆ. ವೇಗದ ಆಸೆಯಿಲ್ಲದವರಿಗೆ ಟೊಯೊಟಾ ಕೊರೊಲಾ ಆಲ್ಟಿಸ್ ಡೀಸೆಲ್ ಸಾಕು. ಏರು ಹತ್ತುವಾಗ ಯೋಚಿಸುತ್ತದೆ, ಆದರೆ ಮನೆ ತಲುಪಿಸುತ್ತದೆ.

ನೋಡುವ ದಿನ ಬೆಳಗ್ಗೆ ಹೇಳದೆ ಅರ್ಧ ಗಂಟೆ ಮೊದಲೇ ಹೋಗಿ ಬಾನೆಟ್ಟಿನ ಮೇಲೆ ಕೈಯಿಡಿ. ಬೆಚ್ಚಗಿದ್ದರೆ ತಣ್ಣಗಿನ ಸ್ಟಾರ್ಟಿನಲ್ಲಿ ಏನೋ ಮುಚ್ಚಿಡಲಿಕ್ಕಿದೆ ಎಂದರ್ಥ. ಓಡಿಸಿ ನೋಡಲು ಪೇಟೆಯೊಳಗೆ ಸುತ್ತಬೇಡಿ. ತಲಪಾಡಿ–ಚೆಂಗಳದ ಹೆದ್ದಾರಿಯಲ್ಲಿ ಒಮ್ಮೆ ವೇಗ ಹಿಡಿಸಿ ಟರ್ಬೊ ಎಳೆಯುತ್ತದೆಯೇ ನೋಡಿ, ಆಮೇಲೆ ಚೆರ್ಕಳ–ಕಲ್ಲಡ್ಕ ರಸ್ತೆಯಲ್ಲಿ ಪೆರ್ಲದ ಕಡೆಗೆ ಏರು ತಿರುವುಗಳಲ್ಲಿ ಎರಡನೇ ಗೇರಿನಲ್ಲಿ ಹತ್ತಿಸಿ. ಕ್ಲಚ್ಚಿನ, ಸಸ್ಪೆನ್ಶನ್ನಿನ ಬಂಡವಾಳ ಅಲ್ಲಿ ಹೊರಬರುತ್ತದೆ.

ಇನ್ನು ನೀವು ಕೇಳದ ಪ್ರಶ್ನೆ. ಪತ್ರದಲ್ಲಿ ಕಿಲೋಮೀಟರನ್ನು ಎರಡು ಸಲ ಬರೆದವರು ಕಾರಿನ ನಂಬರು ಕಾಸರಗೋಡಿನ ಕೆಎಲ್-14 ಎಂದೋ ಮಂಗಳೂರಿನ ಕೆಎ-19 ಎಂದೋ ಒಂದು ಸಲವೂ ಬರೆದಿಲ್ಲ. ಮಂಗಳೂರಿನ ಕಾರಾಗಿದ್ದರೆ ನಾಲ್ಕೂವರೆ ಲಕ್ಷದ ಲೆಕ್ಕ ಅಲ್ಲಿಗೇ ತಪ್ಪಿತು. ನಮ್ಮವರಲ್ಲಿ ಹಲವರು, ಗಡಿ ಇಲ್ಲೇ ಇದೆಯಲ್ಲ, ಆಗಾಗ ತಲಪಾಡಿ ದಾಟಿ ಬಂದರಾಯಿತು ಎಂದು ಕರ್ನಾಟಕದ ನಂಬರಿನಲ್ಲೇ ವರ್ಷಗಟ್ಟಲೆ ಓಡಿಸುತ್ತಾರೆ. ಮೋಟಾರು ವಾಹನ ಕಾಯ್ದೆಯ 40ನೆಯ ಸೆಕ್ಷನ್ ಕೇಳುವುದು ಕಾರು ಎಲ್ಲಿ ತಿರುಗಾಡುತ್ತದೆ ಎಂದಲ್ಲ, ಮಾಲೀಕ ಎಲ್ಲಿ ವಾಸಿಸುತ್ತಾನೆ, ಕಾರು ಸಾಮಾನ್ಯವಾಗಿ ಎಲ್ಲಿ ಇರುತ್ತದೆ ಎಂದು. 47ನೆಯ ಸೆಕ್ಷನ್ನಿನಲ್ಲಿ ಹನ್ನೆರಡು ತಿಂಗಳ ಮಾತು ಇರುವುದು ನಿಜ, ಆದರೆ ಅದು ಹೊಸ ನಂಬರು ಪಡೆಯುವ ವಿಷಯ. ಕೊಂಡವನು ಮಾಲೀಕತ್ವ ಬದಲಾದುದನ್ನು ತಿಳಿಸಲು 50ನೆಯ ಸೆಕ್ಷನ್ ಕೊಟ್ಟಿರುವುದು 30 ದಿನ. ಅಲ್ಲಿಯವರೆಗೆ ಕಾಗದದಲ್ಲಿ ಕಾರು ಹಳೆಯ ಮಾಲೀಕನದೇ. ಅಪಘಾತವಾದರೆ ವಿಮೆಯ ಕಚೇರಿಯಲ್ಲಿ ಅದರ ಅರ್ಥ ತಿಳಿಯುತ್ತದೆ. 2017ರಲ್ಲಿ, ತೆರಿಗೆ ಉಳಿಸಲೆಂದು ಪುದುಚ್ಚೇರಿಯಲ್ಲಿ ನೋಂದಾಯಿಸಿದ ದುಬಾರಿ ಕಾರುಗಳ ಪ್ರಕರಣ ಕೇರಳದಲ್ಲಿ ದೊಡ್ಡ ಸುದ್ದಿಯಾದ ಮೇಲೆ ಹೊರ ರಾಜ್ಯದ ನಂಬರನ್ನು ಇಲ್ಲಿ ಯಾರೂ ಲಘುವಾಗಿ ನೋಡುವುದಿಲ್ಲ.

ತೆರಿಗೆಯ ಲೆಕ್ಕವಂತೂ ಕೊಳ್ಳುವವರನ್ನು ಸದಾ ಬೆಚ್ಚಿಬೀಳಿಸುತ್ತದೆ. ಕೇರಳದಲ್ಲಿ ಮರುನೋಂದಣಿಯಾಗುವಾಗ ಲೆಕ್ಕ ಹಿಡಿಯುವುದು ನೀವು ಕೊಟ್ಟ ಬೆಲೆಯನ್ನಲ್ಲ, ಕಾರು ಹೊಸತಿದ್ದಾಗಿನ ಬೆಲೆಯನ್ನು. ಆಮೇಲೆ ವಯಸ್ಸಿಗೆ ತಕ್ಕಂತೆ ಕಡಿತ. ಮಾತಿಗೆ ತೆರಿಗೆ ಬೆಲೆಯ ಐದನೆಯ ಒಂದು ಭಾಗ ಎಂದಿಟ್ಟುಕೊಳ್ಳಿ. 20 ಲಕ್ಷದ ಕಾರಿಗೆ 4 ಲಕ್ಷವಾಯಿತು. 15 ವರ್ಷಗಳಲ್ಲಿ ನಾಲ್ಕು ಉಳಿದಿದ್ದರೂ ಲಕ್ಷದ ಮೇಲೆ ಕಟ್ಟಬೇಕಾಗುತ್ತದೆ. ನಿಖರವಾದ ದರವನ್ನು ಆರ್‌ಟಿಒದಲ್ಲಿ ಕಾರಿನ ಆರ್‌ಸಿ ತೋರಿಸಿ, ಮುಂಗಡ ಕೊಡುವ ಮೊದಲೇ ಕೇಳಿ. ಕರ್ನಾಟಕದಿಂದ ಉಳಿದ ಅವಧಿಯ ತೆರಿಗೆ ಮರಳಿ ಪಡೆಯಲು ಅರ್ಜಿ ಹಾಕಬಹುದು. ಹನ್ನೊಂದು ವರ್ಷದ ಕಾರಿಗೆ ಅದು ಅಲ್ಪ ಮೊತ್ತ, ಬರುವುದೂ ನಿಧಾನ.

ಕೊನೆಗೆ, ಬೇರೆ ರಾಜ್ಯದ ಕಾರಾದರೆ ಅಲ್ಲಿನ ಆರ್‌ಟಿಒದ ಎನ್‌ಒಸಿ, ಅಂದರೆ ನಿರಾಕ್ಷೇಪಣಾ ಪತ್ರ, ನಿಮ್ಮ ಕೈಗೆ ಬರುವವರೆಗೆ ಪೂರ್ತಿ ಹಣ ಕೊಡಬೇಡಿ. ಬ್ಯಾಂಕಿನ ಸಾಲ ಆರ್‌ಸಿಯಲ್ಲಿ ಬಾಕಿ ಕಾಣುತ್ತಿದ್ದರೆ, ಬಾಕಿ ದಂಡದ ಚಲನ್‌ಗಳಿದ್ದರೆ ಅದು ಸಿಗುವುದೇ ಇಲ್ಲ, ಮತ್ತು ಹಣ ಪಡೆದ ಮಾರಾಟಗಾರನಿಗೆ ಮಂಗಳೂರಿನ ಆರ್‌ಟಿಒಗೆ ಹೋಗಲು ಬಿಡುವೂ ಸಿಗುವುದಿಲ್ಲ. ಆ 41,000ದ ಕಾರಿನ ನಂಬರಿನ ಮೊದಲ ನಾಲ್ಕು ಅಕ್ಷರಗಳನ್ನೂ ಟಯರಿನ ಕೊನೆಯ ನಾಲ್ಕು ಅಂಕಿಗಳನ್ನೂ ಬರೆದು ಕಳುಹಿಸಿ, ಬೆಲ್ಟಿನ ವಿಷಯ ಆಮೇಲೆ ನೋಡೋಣ.