ಬೇಡ ಎಂದರೂ ಹುಡುಕಿದವನು: ‘ದೊರೆ ಈಡಿಪಸ್’ ನಾಟಕದ ವ್ಯಂಗ್ಯ ಎಲ್ಲಿಂದ ಬಂತು?

ಈಡಿಪಸ್‌ನ ಕಥೆ, ‘ದೊರೆ ಈಡಿಪಸ್’ ಬರೆದ ಗ್ರೀಕ್ ನಾಟಕಕಾರ ಸೊಫೊಕ್ಲಿಸ್‌ಗಿಂತ ಬಹಳ ಹಳೆಯದು. ಹೋಮರನ ‘ಒಡಿಸ್ಸಿ’ಯ 11ನೇ ಭಾಗದಲ್ಲೇ ಅದು ಬರುತ್ತದೆ. ಮಗ ತಿಳಿಯದೆ ತಂದೆಯನ್ನು ಕೊಂದು ತಾಯಿಯನ್ನು ಮದುವೆಯಾಗುತ್ತಾನೆ, ತಾಯಿ ನೇಣು ಹಾಕಿಕೊಳ್ಳುತ್ತಾಳೆ. ಆದರೆ ಅಲ್ಲಿ ಗುಟ್ಟನ್ನು ಬಯಲು ಮಾಡುವವರು ದೇವರುಗಳು. ನಾಟಕದ ಕೊನೆಯಲ್ಲಿ ಬರುವ, ಈಡಿಪಸ್ ತನ್ನ ಕಣ್ಣು ಚುಚ್ಚಿಕೊಂಡ ಮಾತೇ ಅಲ್ಲಿಲ್ಲ. ನೋವು ತಿನ್ನುತ್ತಲೇ ಗ್ರೀಸಿನ ಥೀಬ್ಸ್ ಊರನ್ನು ಆಳುತ್ತಾನೆ.

ಕ್ರಿ.ಪೂ. 5ನೇ ಶತಮಾನದ ಅಥೆನ್ಸಿನಲ್ಲಿ ಸೊಫೊಕ್ಲಿಸ್ ಗುಟ್ಟು ಹುಡುಕುವ ಕೆಲಸವನ್ನು ಈಡಿಪಸ್‌ಗೇ ಒಪ್ಪಿಸಿದ. ನಾಟಕದ ಕಸುವೆಲ್ಲ ಇದರಿಂದಲೇ ಬಂದದ್ದು ಅಂತ ನನಗನ್ನಿಸುತ್ತದೆ.

ಥೀಬ್ಸಿಗೆ ಪಿಡುಗು ಬಡಿದಿದೆ. (ಕ್ರಿ.ಪೂ. 430ರಲ್ಲಿ ಅಥೆನ್ಸಿಗೂ ಬಡಿದಿತ್ತು. ನಾಟಕ ಅದರ ನಂತರದ್ದು ಎಂದು ಹಲವು ವಿದ್ವಾಂಸರ ಊಹೆ.) ಹಿಂದಿನ ದೊರೆ ಲಾಯಸ್‌ನನ್ನು ಕೊಂದವನನ್ನು ಹೊರಗಟ್ಟಿದರೆ ಮಾತ್ರ ಊರು ಉಳಿಯುತ್ತದೆ. ಆ ಕೊಲೆಗಾರನಿಗೆ ಈಡಿಪಸ್ ಎಲ್ಲರೆದುರು ಶಾಪ ಹಾಕುತ್ತಾನೆ. ಲಾಯಸ್ ನನ್ನ ಹೆತ್ತ ತಂದೆಯೇ ಅನ್ನುವ ಹಾಗೆ ಅವನ ಪರ ಹೋರಾಡುತ್ತೇನೆ ಅನ್ನುತ್ತಾನೆ. ನೋಡುವವರಿಗೆ ನಿಜ ಗೊತ್ತು, ಆಡುವವನಿಗೆ ಗೊತ್ತಿಲ್ಲ; ಈ ನಾಟಕದ ವ್ಯಂಗ್ಯ ಅಂದರೆ ಇದೇ. ಕುರುಡ ಕಾಲಜ್ಞಾನಿ ಟೈರೀಸಿಯಸ್‌ಗೆ ಕಾಣುವುದು ಕಣ್ಣಿರುವ ದೊರೆಗೆ ಕಾಣುವುದಿಲ್ಲ. ಕೊರಿಂಥ್‌ನಿಂದ ಬಂದ ದೂತನಂತೂ, ತಂದೆಯನ್ನು ಕೊಂದು ತಾಯಿಯನ್ನು ಮದುವೆಯಾಗಿಬಿಡುತ್ತೇನೆ ಎನ್ನುವ ದೊರೆಯ ಭಯ ಕಳೆಯಲೆಂದೇ ‘ಅಲ್ಲಿ ನಿನ್ನನ್ನು ಸಾಕಿದವರು ನಿನ್ನನ್ನು ಹೆತ್ತವರಲ್ಲ’ ಎಂದುಬಿಡುತ್ತಾನೆ. ಆ ಸಮಾಧಾನದ ಮಾತೇ ಎಲ್ಲವನ್ನೂ ಮುರಿಯುತ್ತದೆ. ಕಥೆ ತಿರುಗಿ ಬೀಳುವುದು ಅಂದರೇನು ಎಂದು ತೋರಿಸಲು ಅರಿಸ್ಟಾಟಲ್ ಆರಿಸಿಕೊಂಡದ್ದೂ ಇದನ್ನೇ.

ಸೊಫೊಕ್ಲಿಸ್‌ನ ವ್ಯಂಗ್ಯವನ್ನೇ ಹಿಡಿದು ಇಂಗ್ಲೆಂಡಿನ ವಿದ್ವಾಂಸ ಕಾನಪ್ ಥರ್ಲ್‌ವಾಲ್ ಪ್ರಬಂಧ ಬರೆದದ್ದು 1833ರಲ್ಲಿ. ಆಮೇಲೆ ಮನೋವಿಶ್ಲೇಷಕ ಫ್ರಾಯ್ಡ್ ಈ ಕಥೆಯನ್ನು ಮನುಷ್ಯನ ಒಳಮನಸ್ಸಿನ ಬಯಕೆಗೆ ಜೋಡಿಸಿದ. ಆ ವಾದ ಎಷ್ಟು ಹರಡಿತೆಂದರೆ, ಈಡಿಪಸ್ ಅಂದರೆ ಜಾಸ್ತಿ ಜನಕ್ಕೆ ನೆನಪಾಗುವುದು ಅದೇ. ನಾಟಕ ಹಿಂದೆ ಸರಿಯಿತು. ಇದು ನಿಜವಾಗಿಯೂ ಬೇಸರದ ವಿಷಯ.

ಇನ್ನೊಂದು ಹಳೆಯ ತಕರಾರಿದೆ. ಎಲ್ಲ ಮೊದಲೇ ವಿಧಿ ಬರೆದದ್ದಾದರೆ ಈಡಿಪಸ್ ಸುಮ್ನೆ ಬೊಂಬೆ ಅಲ್ವಾ? 1966ರಲ್ಲಿ ಗ್ರೀಕ್ ಸಾಹಿತ್ಯದ ವಿದ್ವಾಂಸ ಇ.ಆರ್. ಡಾಡ್ಸ್ ಇದಕ್ಕೆ ಉತ್ತರ ಕೊಟ್ಟರು. ಮುಂದಾಗುವುದು ದೇವರಿಗೆ ಗೊತ್ತಿದ್ದ ಮಾತ್ರಕ್ಕೆ ಮನುಷ್ಯ ಬೊಂಬೆಯಾಗುವುದಿಲ್ಲ. ರಂಗದ ಮೇಲೆ ಈಡಿಪಸ್ ಮಾಡುವುದೆಲ್ಲ ಅವನೇ ಆರಿಸಿಕೊಂಡದ್ದು.

ನಾನು ಡಾಡ್ಸ್ ಪರ. ಪಿ. ಲಂಕೇಶರು ಈ ನಾಟಕವನ್ನು ಕನ್ನಡಕ್ಕೆ ತಂದಿದ್ದಾರೆ. 70ರ ದಶಕದ ಶುರುವಿನಲ್ಲಿ ಬಿ.ವಿ. ಕಾರಂತರು ಅದನ್ನು ಬೆಂಗಳೂರಿನಲ್ಲಿ ಆಡಿಸಿದರು. ಓದುವಾಗ ಒಂದನ್ನು ಗಮನಿಸಿ. ಹುಡುಕಾಟ ನಿಲ್ಲಿಸು ಎಂದು ಟೈರೀಸಿಯಸ್ ಹೇಳುತ್ತಾನೆ, ಅವನ ತಾಯಿಯೂ ಹೆಂಡತಿಯೂ ಆದ ಜೊಕಾಸ್ಟ ಅಂಗಲಾಚುತ್ತಾಳೆ, ಕೊನೆಗೆ ಗುಟ್ಟು ಬಲ್ಲ ಮುದುಕ ಕುರುಬನೂ ಬೇಡಿಕೊಳ್ಳುತ್ತಾನೆ. ಅಲ್ಲಿಗೆ ನಿಲ್ಲಿಸಿದ್ದರೆ ಅರಮನೆಯ ಗುಟ್ಟು ಉಳಿಯುತ್ತಿತ್ತು, ಊರಿನ ಪಿಡುಗೂ ಉಳಿಯುತ್ತಿತ್ತು. ಈಡಿಪಸ್ ಮೂವರ ಮಾತನ್ನೂ ಕೇಳುವುದಿಲ್ಲ.