22 ಎಂದಿದ್ದರು, 15 ಬರುತ್ತಿದೆ: ಕಾರಿನ ಮೈಲೇಜ್ ಎಲ್ಲಿ ಸೋರುತ್ತದೆ?

ಪ್ರಶ್ನೆ: ಎರಡು ವರ್ಷದ ಹಿಂದೆ ಪೆಟ್ರೋಲ್ ಕಾರು ಕೊಂಡೆ. ಲೀಟರಿಗೆ 22 ಕಿಲೋಮೀಟರ್ ಕೊಡುತ್ತದೆ ಎಂದಿದ್ದರು. ನನಗೆ 15ರ ಮೇಲೆ ಬರುತ್ತಲೇ ಇಲ್ಲ. ಒಂದು ಸರ್ವಿಸನ್ನೂ ತಪ್ಪಿಸಿಲ್ಲ. ವಾರವಿಡೀ ವಿಜಯಪುರದೊಳಗೇ ಓಡಾಟ, ತಿಂಗಳಿಗೆ ಎರಡು ಸಲ ಸೊಲ್ಲಾಪುರ, ಆಗಾಗ ಜಮಖಂಡಿ. ದೋಷ ಗಾಡಿಯದೋ, ಪೆಟ್ರೋಲಿನದೋ, ನನ್ನದೋ?

ಉತ್ತರ: ಗಾಡಿ ಕೆಟ್ಟಿರುವ ಸಂಭವ ಕಡಿಮೆ. 22ಕ್ಕೂ 15ಕ್ಕೂ ನಡುವಿನ ಅಂತರದಲ್ಲಿ ಒಂದಿಷ್ಟು ನಿಮ್ಮ ಕೈಗೆ ಎಂದೂ ಸಿಗುವಂಥದ್ದಲ್ಲ. ಸಿಗಬಹುದಾದದ್ದರಲ್ಲಿ ಬಹುಪಾಲು ಹೆದ್ದಾರಿಯ ವೇಗದಲ್ಲಿ, ಬ್ರೇಕ್ ಒತ್ತುವ ರೀತಿಯಲ್ಲಿ ಮತ್ತು ಟೈರಿನ ಗಾಳಿಯಲ್ಲಿದೆ. ಇವನ್ನು ಸರಿಪಡಿಸಿಕೊಳ್ಳಲು ಖರ್ಚು ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಅಂಗಡಿಯಲ್ಲಿ ಏನನ್ನಾದರೂ ಕೊಳ್ಳುವ ಮೊದಲು ಇದನ್ನು ಪೂರ್ತಿ ಓದಿ.

22 ಎಂಬ ಅಂಕಿ ಎಲ್ಲಿಂದ ಬಂತು ಎನ್ನುವುದು ಮೊದಲು ತಿಳಿದಿರಲಿ. ನಮ್ಮ ದೇಶದಲ್ಲಿ ಕಾರುಗಳ ಮೈಲೇಜನ್ನು ಪುಣೆಯ ಎಆರ್‌ಎಐನಂಥ ವಾಹನ ಪರೀಕ್ಷಾ ಸಂಸ್ಥೆಗಳು ಪ್ರಯೋಗಾಲಯದಲ್ಲಿ ಅಳೆಯುತ್ತವೆ. ಕಾರು ರಸ್ತೆಯ ಮೇಲೆ ಓಡುವುದಿಲ್ಲ, ರೋಲರ್‌ಗಳ ಮೇಲೆ ನಿಂತಲ್ಲೇ ಚಕ್ರ ತಿರುಗಿಸುತ್ತದೆ. ನಿಗದಿತ ಕ್ರಮದಲ್ಲಿ ವೇಗ ಏರಿಸುತ್ತಾರೆ, ಇಳಿಸುತ್ತಾರೆ. ಅದು ಗಂಟೆಗೆ 90 ಕಿಲೋಮೀಟರ್ ದಾಟುವುದೇ ಇಲ್ಲ. ಇಷ್ಟು ದಿನ ನಮಗೆ ಸಿಕ್ಕಿರುವ ಅಂಕಿಗಳೆಲ್ಲ ಎಸಿ ಬಂದ್ ಇಟ್ಟು ಅಳೆದವು. ಒಂದು ಕಾರನ್ನು ಇನ್ನೊಂದರೊಡನೆ ಹೋಲಿಸಲು ಈ ಅಂಕಿ ಬಹಳ ಉಪಯುಕ್ತ. ಏಪ್ರಿಲ್ ತಿಂಗಳ ಮಧ್ಯಾಹ್ನ ಗಾಂಧಿ ಚೌಕದಲ್ಲಿ ನಿಮ್ಮ ಕಾರು ಎಷ್ಟು ಕುಡಿಯುತ್ತದೆ ಎಂದು ಹೇಳಲು ಅದನ್ನು ಮಾಡಿದ್ದಲ್ಲ.

ಇನ್ನು ನಿಮ್ಮ 15. ಅದನ್ನು ಹೇಗೆ ಅಳೆದಿರಿ ಎಂದು ನೀವು ಬರೆದಿಲ್ಲ. ಡ್ಯಾಶ್‌ಬೋರ್ಡ್ ತೋರಿಸುವ ಸರಾಸರಿಯು ಕಂಪ್ಯೂಟರಿನ ಅಂದಾಜು ಮಾತ್ರ. 500 ರೂಪಾಯಿಯ ಪೆಟ್ರೋಲ್ ಹಾಕಿಸಿ ಕೆಂಪು ದೀಪ ಹತ್ತುವವರೆಗೆ ಓಡಿಸಿ ಹಾಕುವ ಲೆಕ್ಕವನ್ನು ನಾನು ಲೆಕ್ಕವೆಂದೇ ಒಪ್ಪುವುದಿಲ್ಲ. ಬಂಕಿನಲ್ಲಿ ಟ್ಯಾಂಕ್ ತುಂಬಿಸಿ, ಪೈಪು ತಾನಾಗಿ ಕಟ್ ಆದ ಕೂಡಲೇ ನಿಲ್ಲಿಸಲು ಹೇಳಿ. ರೂಪಾಯಿ ಸರಿಹೊಂದಿಸಲೆಂದು ಮತ್ತೆ ಹಾಕಿಸಬೇಡಿ. ಟ್ರಿಪ್ ಮೀಟರನ್ನು ಸೊನ್ನೆಗೆ ತನ್ನಿ. ಟ್ಯಾಂಕ್ ಅರ್ಧಕ್ಕಿಂತ ಕೆಳಗಿಳಿದ ಮೇಲೆ ಅದೇ ಬಂಕಿಗೆ, ಅದೇ ಪಂಪಿಗೆ ಹೋಗಿ, ಮತ್ತೆ ತಾನಾಗಿ ಕಟ್ ಆಗುವವರೆಗೆ ತುಂಬಿಸಿ. 420 ಕಿಲೋಮೀಟರ್ ಓಡಿದ ಮೇಲೆ 24 ಲೀಟರ್ ಹಿಡಿಯಿತು ಎಂದುಕೊಳ್ಳಿ, ಮೈಲೇಜ್ 17.5. ಒಂದೇ ಬಾರಿಯ ಲೆಕ್ಕ ಹೆಚ್ಚುಕಡಿಮೆ ಆಗಬಹುದು, ಮೂರ್ನಾಲ್ಕು ಬಾರಿ ಮಾಡಿ. ಊರೊಳಗೆ ಖರ್ಚಾದ ಟ್ಯಾಂಕಿನ ಲೆಕ್ಕವನ್ನೂ ಸೊಲ್ಲಾಪುರಕ್ಕೆ ಹೋಗಿಬಂದ ಲೆಕ್ಕವನ್ನೂ ಬೇರೆಬೇರೆ ಬರೆದಿಡಿ. ಎರಡನ್ನೂ ಬೆರೆಸಿದರೆ ತೊಂದರೆ ಎಲ್ಲಿದೆ ಎಂದು ಗೊತ್ತಾಗುವುದೇ ಇಲ್ಲ.

ಸೊಲ್ಲಾಪುರದ ದಾರಿಯನ್ನೇ ನೋಡೋಣ. ರಾಷ್ಟ್ರೀಯ ಹೆದ್ದಾರಿ 52, ಸುಮಾರು ನೂರು ಕಿಲೋಮೀಟರ್, ಅಗಲವಾದ ರಸ್ತೆ, ಎರಡೂ ಕಡೆ ಬಯಲು. ಇಂಥ ರಸ್ತೆಯಲ್ಲಿ ವೇಗ ಏರಿದ್ದು ಓಡಿಸುವವರ ಗಮನಕ್ಕೇ ಬರುವುದಿಲ್ಲ. ಆದರೆ ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ. 80ರ ವೇಗದಲ್ಲಿ ಕಾರು ಎದುರಿಸುವ ತಡೆ 100ರಲ್ಲಿ ಒಂದೂವರೆ ಪಟ್ಟನ್ನು ಮೀರುತ್ತದೆ, 110ರಲ್ಲಿ ಎರಡು ಪಟ್ಟಿನ ಹತ್ತಿರ ಬರುತ್ತದೆ, 120ರಲ್ಲಿ ಎರಡೂಕಾಲು ಪಟ್ಟಾಗುತ್ತದೆ. ಆ ತಡೆಯನ್ನು ಸೀಳಿಕೊಂಡು ಹೋಗುವ ಕೆಲಸಕ್ಕೆ ಪ್ರತಿ ಕಿಲೋಮೀಟರಿಗೂ ಪೆಟ್ರೋಲ್ ಸುರಿಯಲೇಬೇಕು. ನೂರು ಕಿಲೋಮೀಟರ್ ದೂರವನ್ನು 80ರಲ್ಲಿ ಹೋದರೆ ಒಂದೂಕಾಲು ಗಂಟೆ, 110ರಲ್ಲಿ ಹೋದರೆ ಐವತ್ತೈದು ನಿಮಿಷ. ಉಳಿಯುವುದು ಇಪ್ಪತ್ತು ನಿಮಿಷ, ಅದೂ ಎಲ್ಲೂ ನಿಲ್ಲದಿದ್ದರೆ. ಆಸ್ಪತ್ರೆಗೆ ಹೋಗುವ ಅವಸರವಿದ್ದರೆ ಮಾತು ಬೇರೆ. ಬಟ್ಟೆ ಖರೀದಿಗೆ ಹೊರಟಾಗ 80ರಿಂದ 90ರ ನಡುವೆ ಇರಿ ಎಂದು ನಾನು ಒತ್ತಾಯಿಸಿಯೇ ಹೇಳುತ್ತೇನೆ. ನಿಮ್ಮ ಹೆದ್ದಾರಿಯ ಲೆಕ್ಕದಲ್ಲಿ ಇಷ್ಟು ದೊಡ್ಡ ಬದಲಾವಣೆ ತರುವ ಇನ್ನೊಂದು ಉಪಾಯವಿಲ್ಲ.

ಇದಕ್ಕೇ ಸೇರಿದ ಇನ್ನೊಂದು ಸಂಗತಿ. ಮಳೆಗಾಲದಲ್ಲಿ ಸೊಲ್ಲಾಪುರಕ್ಕೆ ಹೋಗುವಾಗ ಬಂದ ಮೈಲೇಜ್ ಮರಳುವಾಗ ಬರುವುದಿಲ್ಲ ಎಂದು ಹಲವರು ಹೇಳುತ್ತಾರೆ. ಅದು ಭ್ರಮೆಯಲ್ಲ. ಮುಂಗಾರಿನ ಗಾಳಿ ನೈಋತ್ಯದಿಂದ ಬೀಸುತ್ತದೆ, ನೀವು ದಕ್ಷಿಣಕ್ಕೆ ಮುಖಮಾಡಿ ಬರುತ್ತಿರುತ್ತೀರಿ. ಗಂಟೆಗೆ 20 ಕಿಲೋಮೀಟರ್ ಎದುರುಗಾಳಿ ಇದ್ದಾಗ 80ರಲ್ಲಿ ಓಡುವ ಕಾರಿಗೆ 100ರ ವೇಗದಷ್ಟು ಗಾಳಿಯ ತಡೆ. ಮೇಲಾಗಿ ವಿಜಯಪುರ ಸೊಲ್ಲಾಪುರಕ್ಕಿಂತ ನೂರು ಮೀಟರಿಗೂ ಹೆಚ್ಚು ಎತ್ತರದಲ್ಲಿದೆ, ಮರಳುವ ದಾರಿ ಒಟ್ಟಾರೆ ಏರು. ಆದ್ದರಿಂದ ಹೋಗಿಬಂದ ಎರಡನ್ನೂ ಸೇರಿಸಿಯೇ ಲೆಕ್ಕ ಹಾಕಬೇಕು.

ಜಮಖಂಡಿಯ ರಸ್ತೆಯ ಕಥೆ ಬೇರೆ. ಕಬ್ಬು ನುರಿಸುವ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಎಳೆದುಕೊಂಡು ಟ್ರ್ಯಾಕ್ಟರ್‌ಗಳ ಸಾಲೇ ಇರುತ್ತದೆ. ಮುಧೋಳ, ರಾಯಬಾಗ, ಅಥಣಿ ಕಡೆಯವರಿಗೂ ಇದು ಗೊತ್ತಿರುವುದೇ. ಅಲ್ಲಿ ಕಾರು ಓಡಿಸುವವರ ಪಕ್ಕದಲ್ಲಿ ಕುಳಿತು ಅವರ ಬಲಗಾಲನ್ನು ಗಮನಿಸಿ. ಟ್ರೇಲರಿನ ಬಾಲಕ್ಕೆ ಅಂಟಿಕೊಳ್ಳುತ್ತಾರೆ, ಎದುರಿಗೆ ಖಾಲಿ ಕಂಡಂತಾದಾಗ ಆ್ಯಕ್ಸಿಲರೇಟರ್ ತುಳಿಯುತ್ತಾರೆ, ತಿರುವಿನಲ್ಲಿ ಬಸ್ಸು ಕಂಡೊಡನೆ ಬ್ರೇಕ್ ತುಳಿದು ಮತ್ತೆ ಬಾಲಕ್ಕೆ ಬರುತ್ತಾರೆ. ಒಂದು ಟ್ರ್ಯಾಕ್ಟರ್ ದಾಟುವಷ್ಟರಲ್ಲಿ ನಾಲ್ಕು ಸಲ ಹೀಗಾಗುತ್ತದೆ. ಪೆಟ್ರೋಲ್ ಸುಟ್ಟು ಗಳಿಸಿದ ವೇಗವೆಲ್ಲ ಬ್ರೇಕಿನಲ್ಲಿ ಬರೀ ಬಿಸಿಯಾಗಿ ಹೋಗುತ್ತದೆ. ಇದರ ಬದಲು ಮೂರ್ನಾಲ್ಕು ಕಾರಿನಷ್ಟು ಅಂತರ ಬಿಟ್ಟು, ಕಡಿಮೆ ಗೇರಿನಲ್ಲಿ ಸಮವೇಗದಲ್ಲಿ ಹಿಂಬಾಲಿಸಿ. ಅಂತರವಿದ್ದರೆ ಮುಂದಿನ ರಸ್ತೆಯೂ ಚೆನ್ನಾಗಿ ಕಾಣುತ್ತದೆ. ರಸ್ತೆ ನಿಜವಾಗಿ ಖಾಲಿ ಇದ್ದಾಗ ಮಾತ್ರ ಹೊರಬಂದು, ಎಂಜಿನ್ನಿಗೆ ಬೇಕಾದಷ್ಟು ಶಕ್ತಿ ಕೊಟ್ಟು ಒಂದೇ ಓಟದಲ್ಲಿ ದಾಟಿ. ಹಿಂದಿಕ್ಕುವ ಗಳಿಗೆಯಲ್ಲಿ ದಯವಿಟ್ಟು ಪೆಟ್ರೋಲ್ ಉಳಿಸಲು ಹೋಗಬೇಡಿ. ಅಲ್ಲಿ ಉಳಿಯಬೇಕಾದದ್ದು ಜೀವ. ರಾತ್ರಿ ಹಿಂಬದಿಯ ದೀಪವಿಲ್ಲದ ಟ್ರೇಲರ್‌ಗಳೂ ಇರುತ್ತವೆ, ಮರೆಯಬೇಡಿ.

ಬೆಳಗಾವಿಯ ಕಡೆಯವರು ಕೇಳುವ ಮಾತೊಂದಿದೆ, ನಿಮಗೂ ಉಪಯೋಗವಾದೀತು. ವಂಟಮೂರಿ ಘಾಟ್ ಇಳಿಯುವಾಗಲೋ ಚೋರ್ಲಾ ಘಾಟ್ ಇಳಿದು ಗೋವಾಕ್ಕೆ ಹೋಗುವಾಗಲೋ ನ್ಯೂಟ್ರಲ್‌ಗೆ ಹಾಕಿದರೆ ಪೆಟ್ರೋಲ್ ಉಳಿಯುತ್ತದೆ ಎಂಬ ನಂಬಿಕೆ. ಕಾರ್ಬ್ಯುರೇಟರ್ ಕಾಲದ ಗಾಡಿಗಳಿಂದ ಬಂದ ರೂಢಿ ಇದು. ಕಂಪ್ಯೂಟರೇ ಪೆಟ್ರೋಲನ್ನು ಅಳೆದು ಬಿಡುವ ಈಗಿನ ಇಂಜೆಕ್ಷನ್ ಎಂಜಿನ್ನಿನಲ್ಲಿ ಲೆಕ್ಕ ತಿರುಗುಮುರುಗಾಗಿದೆ. ಗೇರಿನಲ್ಲಿಟ್ಟು ಆ್ಯಕ್ಸಿಲರೇಟರಿನಿಂದ ಕಾಲು ತೆಗೆದರೆ ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತವೆ. ಇದನ್ನು ಅರಿತ ಕಂಪ್ಯೂಟರ್ ಇಂಧನವನ್ನು ಪೂರ್ತಿ ನಿಲ್ಲಿಸಿಬಿಡುತ್ತದೆ. ತಕ್ಷಣದ ಮೈಲೇಜ್ ತೋರಿಸುವ ಪಟ್ಟಿ ನಿಮ್ಮ ಕಾರಿನಲ್ಲಿದ್ದರೆ ನೋಡಿ, ಅದು ತುತ್ತತುದಿಗೆ ಹೋಗಿ ನಿಲ್ಲುತ್ತದೆ. ನ್ಯೂಟ್ರಲ್‌ಗೆ ಹಾಕಿದರೆ ಎಂಜಿನ್ ಆರದಂತೆ ನೋಡಿಕೊಳ್ಳಲು ಪೆಟ್ರೋಲ್ ಹೋಗುತ್ತಲೇ ಇರಬೇಕು. ಎಂಜಿನ್ನಿನ ಹಿಡಿತ ತಪ್ಪಿ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ, ಉದ್ದನೆಯ ಇಳಿಜಾರಿನಲ್ಲಿ ಬ್ರೇಕ್ ಕಾದು ಹಿಡಿತವೇ ಕಡಿಮೆಯಾಗುತ್ತದೆ. ಉಳಿತಾಯವೂ ಇಲ್ಲ, ಸುರಕ್ಷತೆಯೂ ಇಲ್ಲ. ಸಿಗ್ನಲ್ ಕಂಡಾಗಲೂ ಇದೇ ಕ್ರಮ: ದೂರದಿಂದಲೇ ಕಾಲು ತೆಗೆಯಿರಿ, ಗೇರ್ ಹಾಗೇ ಇರಲಿ, ನಿಲ್ಲುವ ಮುನ್ನ ಕ್ಲಚ್ ಒತ್ತಿ.

ನಿಮ್ಮ 15ಕ್ಕೆ ದೊಡ್ಡ ಕಾರಣ ಬಹುಶಃ ವಾರವಿಡೀ ಊರೊಳಗಿನ ಓಡಾಟ. ತಣ್ಣಗಿರುವ ಎಂಜಿನ್ ಹೆಚ್ಚು ಪೆಟ್ರೋಲ್ ಕುಡಿಯುತ್ತದೆ, ಆಯಿಲ್ ಇನ್ನೂ ಗಟ್ಟಿಯಾಗಿರುತ್ತದೆ. ಎರಡು ಕಿಲೋಮೀಟರ್ ದೂರದ ಮಾರುಕಟ್ಟೆಗೆ ಹೋಗಿ ನಿಲ್ಲಿಸುವಷ್ಟರಲ್ಲಿ ಅದು ಸರಿಯಾಗಿ ಬಿಸಿಯಾಗಿಯೇ ಇರುವುದಿಲ್ಲ. ಸಂತೆ, ಬ್ಯಾಂಕು, ಮಗುವಿನ ಟ್ಯೂಷನ್ ಮೂರನ್ನೂ ಒಂದೇ ಸುತ್ತಿನಲ್ಲಿ ಮುಗಿಸಿದರೆ ಮೂರು ಸಲ ತಣ್ಣನೆಯ ಎಂಜಿನ್ ಎಬ್ಬಿಸುವುದು ತಪ್ಪುತ್ತದೆ. ಆದರೆ ಬಿಸಿಯಾಗಲಿ ಎಂದು ಮನೆಮುಂದೆ ಐದು ನಿಮಿಷ ನಿಲ್ಲಿಸಿ ಓಡಿಸುವುದು ವ್ಯರ್ಥ, ಅರ್ಧ ನಿಮಿಷ ಸಾಕು. ನಿಂತಲ್ಲೇ ಓಡುವ ಸಣ್ಣ ಪೆಟ್ರೋಲ್ ಎಂಜಿನ್ ಗಂಟೆಗೆ ಅರ್ಧ ಲೀಟರಿಗಿಂತ ಹೆಚ್ಚೇ ಸುಡುತ್ತದೆ, ಎಸಿ ಇದ್ದರೆ ಇನ್ನೂ ಮೇಲೆ. ಒಂದು ನಿಮಿಷಕ್ಕಿಂತ ಹೆಚ್ಚು ಕಾಯಬೇಕಾದಾಗ ಬಂದ್ ಮಾಡಿ. ಗೇರನ್ನು ಎಳೆದಾಡದೆ ಬೇಗ ಮೇಲೇರಿಸಿ, ಆದರೆ ಎಂಜಿನ್ ನಡುಗುವಷ್ಟು ಬೇಗ ಬೇಡ. ಕ್ಲಚ್ ಮೇಲೆ ಕಾಲಿಟ್ಟುಕೊಂಡೇ ಓಡಿಸುವ ಅಭ್ಯಾಸವಿದ್ದರೆ ಇಂದೇ ಬಿಡಿ.

ಎಸಿಯ ಬಗ್ಗೆ ನನ್ನ ಅಭಿಪ್ರಾಯ ನೇರ. ವಿಜಯಪುರದ ಬೇಸಿಗೆಯಲ್ಲಿ 40 ಡಿಗ್ರಿ ದಾಟಿದಾಗ ಮನೆಯ ಹಿರಿಯರನ್ನೂ ಮಕ್ಕಳನ್ನೂ ಬೇಯಿಸಿ ಪೆಟ್ರೋಲ್ ಉಳಿಸುವುದು ಸಲ್ಲದು. ಆದರೆ ಉಪಯೋಗಿಸುವ ಕ್ರಮವೊಂದಿದೆ. ಬಿಸಿಲಲ್ಲಿ ನಿಂತ ಕಾರಿನ ಬಾಗಿಲು ತೆರೆದು, ಮೊದಲ ಒಂದೆರಡು ನಿಮಿಷ ಕಿಟಕಿ ಇಳಿಸಿಯೇ ಓಡಿಸಿ, ಒಳಗಿನ ಕಾದ ಗಾಳಿ ಹೊರಹೋಗಲಿ. ಆಮೇಲೆ ಎಸಿ ಹಾಕಿ, ಒಳಗಿನ ಗಾಳಿಯೇ ಸುತ್ತುವ ಬಟನ್ ಒತ್ತಿ. ಊರೊಳಗೆ ನಿಧಾನವಾಗಿ ಹೋಗುವಾಗ ಕಿಟಕಿ ತೆರೆದಿದ್ದರೆ ಪೆಟ್ರೋಲ್ ಉಳಿಯುತ್ತದೆ. ಹೆದ್ದಾರಿಯ ವೇಗದಲ್ಲಿ ತೆರೆದ ಕಿಟಕಿಯೇ ಗಾಳಿಯ ತಡೆ ಹೆಚ್ಚಿಸುವುದರಿಂದ ಅಲ್ಲಿ ಎಸಿಯೇ ಇರಲಿ.

ಟೈರಿನ ಗಾಳಿಯನ್ನು ಪಂಕ್ಚರ್ ಅಂಗಡಿಯವರು ತಮಗೆ ತೋಚಿದಷ್ಟು ಹಾಕುತ್ತಾರೆ. ಎಷ್ಟಿರಬೇಕು ಎಂಬುದು ಚಾಲಕನ ಬಾಗಿಲು ತೆರೆದರೆ ಕಾಣುವ ಪಟ್ಟಿಯಲ್ಲೋ ಕಾರಿನ ಕೈಪಿಡಿಯಲ್ಲೋ ಇದೆ. ಟೈರಿನ ಮೇಲೆ ಅಚ್ಚಾಗಿರುವುದು ಅದು ತಾಳಬಲ್ಲ ಗರಿಷ್ಠ ಒತ್ತಡ, ಅದನ್ನು ಹಾಕಿಸಬೇಡಿ. ನಾಲ್ಕೂ ಟೈರುಗಳಲ್ಲಿ ಒಂದೊಂದು ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಕಡಿಮೆಯಾದರೆ ಮೈಲೇಜ್ ಸುಮಾರು ಶೇ 0.2ರಷ್ಟು ಇಳಿಯುತ್ತದೆ. ಕೇಳಲು ಅಲ್ಪ, ಆದರೆ ಎಂಟು ಪಿಎಸ್‌ಐ ಕಡಿಮೆ ಇಟ್ಟುಕೊಂಡು ತಿಂಗಳುಗಟ್ಟಲೆ ಓಡುವ ಕಾರುಗಳು ಬೇಕಾದಷ್ಟಿವೆ, ಟೈರಂತೂ ಬದಿಯಲ್ಲಿ ಬೇಗ ಸವೆಯುತ್ತದೆ. ಬೆಳಿಗ್ಗೆ, ಗಾಡಿ ಓಡುವ ಮೊದಲೇ ಅಳೆಯಬೇಕು. ಮಧ್ಯಾಹ್ನ ಕಾದ ರಸ್ತೆಯಲ್ಲಿ ಓಡಿಬಂದ ಟೈರು ಹಲವು ಪಿಎಸ್‌ಐ ಹೆಚ್ಚು ತೋರಿಸುತ್ತದೆ, ಅದನ್ನು ನಂಬಿ ಗಾಳಿ ಬಿಟ್ಟರೆ ಮರುದಿನ ಬೆಳಿಗ್ಗೆ ಟೈರು ಮೆತ್ತಗಾಗಿರುತ್ತದೆ. ಸ್ವಂತದ್ದೊಂದು ಸಣ್ಣ ಗೇಜ್ ಇಟ್ಟುಕೊಳ್ಳಿ. ನೈಟ್ರೋಜನ್‌ಗೆ ಬೇರೆ ದುಡ್ಡು ಕೊಡಬೇಕಿಲ್ಲ. ನಾವು ಉಸಿರಾಡುವ ಗಾಳಿಯಲ್ಲೇ ಅದು ಶೇ 78ರಷ್ಟಿದೆ.

ನಮ್ಮ ಎರೆಮಣ್ಣಿನ ಧೂಳು ಏರ್ ಫಿಲ್ಟರನ್ನು ಬೇಗ ಕಟ್ಟುತ್ತದೆ, ಹೊಲದ ದಾರಿಯಲ್ಲಿ ಹೆಚ್ಚು ಓಡುವವರು ಕೈಪಿಡಿ ಹೇಳಿದ್ದಕ್ಕಿಂತ ಮೊದಲೇ ಬದಲಿಸಬೇಕು. ಆದರೆ ಅದರಿಂದ ಮೈಲೇಜ್ ಜಿಗಿಯುತ್ತದೆ ಎಂದು ಭಾವಿಸಬೇಡಿ. ಈಗಿನ ಎಂಜಿನ್ ಗಾಳಿ ಬಂದಷ್ಟಕ್ಕೆ ತಕ್ಕಷ್ಟೇ ಪೆಟ್ರೋಲ್ ಬಿಡುವುದರಿಂದ ಫಿಲ್ಟರ್ ಕಟ್ಟಿದರೆ ಮುಖ್ಯವಾಗಿ ಪಿಕಪ್ ಕಡಿಮೆಯಾಗುತ್ತದೆ. ಸವದತ್ತಿಗೋ ಪಂಢರಪುರಕ್ಕೋ ಹೋಗುವಾಗ ಮೇಲೆ ಕಟ್ಟಿದ ಕ್ಯಾರಿಯರನ್ನು ಬಂದ ಮೇಲೆ ಬಿಚ್ಚಿಡಿ, ಖಾಲಿ ಇದ್ದರೂ ಅದು ಗಾಳಿಗೆ ಅಡ್ಡ. ಡಿಕ್ಕಿಯಲ್ಲಿ ಕಾಯಂ ಆಗಿ ಕುಳಿತ ಮೂಟೆಯನ್ನೂ ಇಳಿಸಿ, 45 ಕಿಲೋಗೆ ಹೆಚ್ಚುಕಡಿಮೆ ಶೇ 1ರ ನಷ್ಟ.

ಪೆಟ್ರೋಲಿನ ಮೇಲಿನ ನಿಮ್ಮ ಅನುಮಾನಕ್ಕೆ ಸ್ವಲ್ಪ ಆಧಾರವಿದೆ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ 20ರಷ್ಟು ಎಥೆನಾಲ್ ಇದೆ. ಅದನ್ನು ತಯಾರಿಸುವುದರಲ್ಲಿ ನಮ್ಮ ಬೆಳಗಾವಿ, ಬಾಗಲಕೋಟೆಯ ಸಕ್ಕರೆ ಕಾರ್ಖಾನೆಗಳ ಪಾಲೂ ಇದೆ. ಲೀಟರ್ ಎಥೆನಾಲಿನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ ಶಕ್ತಿ. 2021ರಲ್ಲಿ ನೀತಿ ಆಯೋಗ ಪ್ರಕಟಿಸಿದ ವರದಿಯ ಅಂದಾಜಿನಂತೆ ಇದಕ್ಕೆ ಹೊಂದಿಸಿ ತಯಾರಿಸಿದ ಕಾರುಗಳಲ್ಲಿ ಮೈಲೇಜ್ ಶೇ 1ರಿಂದ 2, ಹಳೆಯ ವಿನ್ಯಾಸದ ಕಾರುಗಳಲ್ಲಿ ಶೇ 6ರಿಂದ 7 ಕಡಿಮೆಯಾಗಬಹುದು. ಎರಡು ವರ್ಷದ ನಿಮ್ಮ ಕಾರಿನಲ್ಲಿ 22 ಇದ್ದದ್ದು 15 ಆಗಲು ಇದೊಂದೇ ಕಾರಣವಾಗಲಾರದು. ಬೆಳಗಿನ ತಂಪಿನಲ್ಲಿ ಹಾಕಿಸಿದರೆ ಹೆಚ್ಚು ಪೆಟ್ರೋಲ್ ಬರುತ್ತದೆ ಎಂಬ ಮಾತನ್ನು ಬಿಟ್ಟುಬಿಡಿ. ಬಂಕಿನ ಟ್ಯಾಂಕ್ ನೆಲದೊಳಗಿದೆ, ಅದರ ಉಷ್ಣತೆ ಹಗಲು ರಾತ್ರಿ ಹೆಚ್ಚು ಬದಲಾಗುವುದಿಲ್ಲ. ಕೈಪಿಡಿ ಕೇಳದಿದ್ದರೆ ದುಬಾರಿ ಪ್ರೀಮಿಯಂ ಪೆಟ್ರೋಲಿನಿಂದಲೂ ಮೈಲೇಜ್ ಏರುವುದಿಲ್ಲ. ಇಂಧನದ ಪೈಪಿಗೆ ಕಟ್ಟುವ ಮ್ಯಾಗ್ನೆಟ್‌ಗಳಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಗಾಡಿಯ ದೋಷವೇ ಆಗಿದ್ದರೆ ನಾನು ಮೊದಲು ಅನುಮಾನಿಸುವುದು ಬಿಡದೆ ಹಿಡಿದ ಬ್ರೇಕನ್ನು. ಹೆದ್ದಾರಿಯಲ್ಲಿ ಹತ್ತು ಕಿಲೋಮೀಟರ್ ಓಡಿಸಿ, ಬ್ರೇಕ್ ಹೆಚ್ಚು ಬಳಸದೆ ನಿಧಾನವಾಗಿ ಬದಿಗೆ ನಿಲ್ಲಿಸಿ. ಇಳಿದು ಪ್ರತಿ ಚಕ್ರದ ನಡುಭಾಗದ ಹತ್ತಿರ ಅಂಗೈ ಹಿಡಿಯಿರಿ, ಮುಟ್ಟಬೇಡಿ. ಮುಂದಿನ ಎರಡು ಒಂದೇ ಸಮ, ಹಿಂದಿನ ಎರಡು ಒಂದೇ ಸಮ ಇರಬೇಕು. ಒಂದು ಮಾತ್ರ ಕೆಂಡದಂತೆ ಕಾದಿದ್ದರೆ, ಅಥವಾ ಸಮತಟ್ಟಾದ ಜಾಗದಲ್ಲಿ ನ್ಯೂಟ್ರಲ್‌ಗೆ ಹಾಕಿ ಹ್ಯಾಂಡ್‌ಬ್ರೇಕ್ ಬಿಟ್ಟು ತಳ್ಳಿದಾಗ ಕಾರು ಮೊಂಡಾಗಿ ನಿಂತರೆ, ಅಲ್ಲಿ ಬ್ರೇಕ್ ಜಾಮ್ ಆಗಿದೆ. ಹೊಂಡಕ್ಕೆ ಬಿದ್ದ ಮೇಲೆ ಸ್ಟೇರಿಂಗ್ ಒಂದು ಕಡೆಗೆ ಎಳೆಯುತ್ತಿದ್ದರೆ ಅಲೈನ್‌ಮೆಂಟ್ ಮಾಡಿಸಿ. ಎಂಜಿನ್ ದೀಪ ಹತ್ತಿದ್ದರೆ ಆಕ್ಸಿಜನ್ ಸೆನ್ಸರ್ ಕೆಟ್ಟಿರಬಹುದು, ಆಗ ನಿಜಕ್ಕೂ ಪೆಟ್ರೋಲ್ ಹೆಚ್ಚು ಹೋಗುತ್ತದೆ. ಇವುಗಳಲ್ಲಿ ಒಂದು ಕಂಡರೂ ಟ್ಯಾಂಕಿನ ಲೆಕ್ಕ ಬರೆದ ಹಾಳೆಯೊಂದಿಗೆ ಗ್ಯಾರೇಜಿಗೆ ಹೋಗಿ. ‘ಮೈಲೇಜ್ ಬರುತ್ತಿಲ್ಲ’ ಎಂದಷ್ಟೇ ಹೇಳಿದರೆ ಆಯಿಲ್ ಬದಲಿಸಿ ಕಳಿಸುತ್ತಾರೆ. ಹಿಂದಿನ ಎಡಚಕ್ರ ಕಾಯುತ್ತಿದೆ ಎಂದರೆ ಚಕ್ರ ಬಿಚ್ಚಿ ನೋಡುತ್ತಾರೆ.